ರಾಮಕೋಟಿ ಪುಸ್ತಕದಲ್ಲಿ ಒಂದು ವಿಮಾನ

ಕೌಸ್ತುಭ್ ನನಗೆ ಬರೆದ ಮೊದಲ ಚೀಟಿ ಒಂದು ಬೈಗುಳ.

‘ಇಂಜಿನ್ ಆನ್ ಮಾಡಿ ಹಾಗೇ ಎದ್ದು ಹೋದ ಮಹಾನುಭಾವರು ಯಾರು? ವಿಮಾನ ನಿಲ್ಲಿಸಿದ ಮೇಲೆ ಎಲ್ಲ ಆಫ್ ಮಾಡಬೇಕು. ಇದು ಬೀದಿ ದೀಪ ಅಲ್ಲ.’

ಅವರ ಮನೆಯ ಕಂಪ್ಯೂಟರಿಗೆ ಅಂಟಿಸಿದ್ದ ಆ ಚೀಟಿಯನ್ನು ಓದಿ ನನ್ನ ಕಿವಿಯವರೆಗೂ ಬಿಸಿಯಾಯಿತು. ಮಹಾನುಭಾವರು ನಾನೇ.

ಅದು 2005. ಬಿ.ಎಸ್ಸಿ. ಮುಗಿಸಿ ಮಾಲೂರಿನ ಮನೆಯಲ್ಲಿ ಅಜ್ಜಿಯ ಜೊತೆ ಇದ್ದೆ. ಎದುರು ಮನೆಯ ಸೀತಾರಾಮ ರಾಯರು ಲೆಕ್ಕಪತ್ರ ನೋಡುವವರು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅವರ ಕಾಗದಗಳನ್ನು ಟೈಪ್ ಮಾಡಿಕೊಡುವುದು ನನ್ನ ಕೆಲಸ. ಊಟವಾದ ಮೇಲೆ ರಾಯರು ಒಂದು ಗಂಟೆ ಮಲಗುತ್ತಿದ್ದರು. ಅವರ ಮಗ ಕೌಸ್ತುಭ್ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದರೆ ಬರುವುದು ಸಂಜೆಗೆ. ಅಲ್ಲಿ ವಿಮಾನ ರಿಪೇರಿಯ ಕೋರ್ಸ್ ಓದುತ್ತಿದ್ದ. ಅದಕ್ಕೇ ಆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಒಂದು ಆಟ ಇತ್ತು.

ಅದನ್ನು ಆಟ ಅಂದರೆ ಅವನಿಗೆ ಸಿಟ್ಟು ಬರುತ್ತಿತ್ತು. ನಿಜವಾದ ವಿಮಾನದಲ್ಲಿ ಹೇಗೋ ಹಾಗೆ, ಎಲ್ಲ ಆಫ್ ಆಗಿ ಕತ್ತಲಾಗಿರುವ ಕಾಕ್‌ಪಿಟ್‌ನಿಂದ ಶುರುಮಾಡಿ ಬ್ಯಾಟರಿ, ಪೆಟ್ರೋಲು, ಬ್ರೇಕು ಅಂತ ಮೂವತ್ತೊಂದು ಹಂತ ದಾಟಿ ಇಂಜಿನ್ ಚಾಲೂ ಮಾಡಬೇಕು. ಆ ಪಟ್ಟಿಯನ್ನು ದುಂಡಗೆ ಬರೆದು ಗೋಡೆಗೆ ಹಚ್ಚಿದ್ದ. ಒಂದು ದಿನ ರಾಯರು ಮಲಗಿದ್ದಾಗ ಕೈಹಾಕಿದ ನಾನು ಮೂರನೆಯ ಹಂತಕ್ಕೇ ಸುಸ್ತಾಗಿದ್ದೆ. ಆಮೇಲೆ ಹೆಲ್ಪ್ ಪುಟ ಹುಡುಕಿದಾಗ ಸಿಕ್ಕಿತು: ಕಂಟ್ರೋಲ್ ಮತ್ತು ಇ, ಎರಡು ಕೀ ಒಟ್ಟಿಗೆ ಒತ್ತಿದರೆ ಸಾಕು. ಸ್ವಿಚ್‌ಗಳೆಲ್ಲ ತಾವಾಗಿಯೇ ಕೂತುಕೊಂಡು ಇಂಜಿನ್ ಗುರ್ ಅನ್ನುತ್ತಿತ್ತು. ಕುಕ್ಕರ್ ಒಂದು ಸಲ ಕೂಗುವಷ್ಟರಲ್ಲಿ ನಾನು ಮೋಡದಲ್ಲಿ.

ಭಾನುವಾರ ಅವನು ನಮ್ಮ ಗೇಟಿನ ಹತ್ತಿರ ನಿಂತು ಕೇಳಿದ. “ನೀವೇನಾ ಆ ಮಹಾನುಭಾವರು?”

ತಲೆ ಬಗ್ಗಿಸಿದೆ. ಗೇಟಿನ ಮೇಲಿದ್ದ ಅವನ ಬೆರಳುಗಳು ಕಂಡವು. ಎಷ್ಟು ತೊಳೆದರೂ ಹೋಗದ ಗ್ರೀಸಿನ ಸಣ್ಣ ಗೆರೆ ಉಗುರಿನ ಅಂಚಿನಲ್ಲಿ.

“ಮೂವತ್ತೊಂದೂ ಮಾಡ್ತೀರಾ, ಇಲ್ಲಾ ಎರಡು ಕೀ ಒತ್ತಿ ಹಾರಿಸ್ಬಿಡ್ತೀರಾ?”

“ಛೆ. ಆ ಥರ ಮಾಡೋರೂ ಇರ್ತಾರಾ?” ಅಂದೆ.

ನಾಲಿಗೆ ಅಷ್ಟು ಸಲೀಸಾಗಿ ಹೊರಳಿದ್ದು ನನಗೇ ಆಶ್ಚರ್ಯ. ಅವನು ಕಣ್ಣು ಕಿರಿದು ಮಾಡಿ ನಕ್ಕ. “ನಮ್ಮ ಕ್ಲಾಸಲ್ಲಿ ಎಲ್ರೂ ಅದನ್ನೇ ಮಾಡೋದು. ನೀವೊಬ್ರು ಸಿಕ್ಕಿದ್ರಲ್ಲ. ಟೈಮ್ ಬರೆದಿಡಿ, ನೋಡೋಣ.”

ಆ ನಗು ಎರಡು ದಿನ ನನ್ನ ಜೊತೆಗಿತ್ತು.

ಬರೆದಿಡಲು ಕೈಗೆ ಸಿಕ್ಕಿದ್ದು ಅಜ್ಜಿಯ ರಾಮಕೋಟಿ ಪುಸ್ತಕ. ಪುಟದ ತುಂಬ ಸಣ್ಣ ಸಣ್ಣ ಮನೆಗಳು, ಒಂದೊಂದು ಮನೆಯಲ್ಲೂ ‘ಶ್ರೀರಾಮ’ ಅಂತ ಬರೆಯಬೇಕು. ಅಜ್ಜಿ ಸುಂದರಾಬಾಯಿಯ ಕಣ್ಣಿಗೆ ಪೊರೆ ಬಂದು, ಒಂದು ಪುಸ್ತಕ ಹೊಸದಾಗಿಯೇ ಉಳಿದಿತ್ತು. ದಿನಕ್ಕೆ ಮೂವತ್ತೊಂದು ಮನೆ, ಮೂವತ್ತೊಂದು ಟಿಕ್, ಕೊನೆಗೆ ಟೈಮು. ಎರಡು ಕೀ ಒತ್ತಲು ನನಗೆ ಎರಡು ಸೆಕೆಂಡೂ ಬೇಡ. ಸಂಕೋಚಪಟ್ಟು ‘ನಾಲ್ಕು ನಿಮಿಷ’ ಅಂತ ಬರೆದೆ. ಪುಸ್ತಕವನ್ನು ಕಂಪ್ಯೂಟರಿನ ಪಕ್ಕದಲ್ಲೇ ಇಟ್ಟು ಬಂದೆ.

ಮರುದಿನ ಅಂಚಿನಲ್ಲಿ ಅವನ ಅಕ್ಷರ: ‘ನಾಲ್ಕಾ? ನನಗೆ ಹನ್ನೊಂದು. ನಿಮಗೆ ಎಷ್ಟು ಕೈ?’

‘ಎರಡೇ. ಅದರಲ್ಲೂ ಬಳೆ ಅಡ್ಡ ಬರುತ್ತೆ.’

‘ರಾಮನ ಮನೆಗಳಲ್ಲಿ ನಮ್ಮ ಸ್ವಿಚ್‌ಗಳು. ಅಜ್ಜಿಗೆ ಗೊತ್ತಾ?’

‘ಗೊತ್ತಾದರೆ ನಿಮ್ಮ ಹೆಸರು ಹೇಳ್ತೀನಿ.’

ಹೀಗೆ ಶುರುವಾಯಿತು. ಎದುರಿಗೆ ಸಿಕ್ಕರೆ ಎರಡು ಮಾತು ಆಡಲಾರದ ನಾನು ಆ ಅಂಚಿನಲ್ಲಿ ವಾಚಾಳಿಯಾದೆ. ಒಂದು ಸಲ ಅವನು ಒಂದು ಸಾಲು ಬರೆದು ಮಸಿಯಿಂದ ಹೊಡೆದುಹಾಕಿದ್ದ. ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದೆ. ‘ಒಂದನ್ನೂ ಬಿಡದೆ ಮಾಡುವವರು ನೀವು. ಇಂಥವರ ಜೊತೆ ಬದುಕುವುದು ಸುಲಭ.’

ಎದೆ ಹಾರಿತು. ಮರುಕ್ಷಣವೇ ಕುಸಿಯಿತು. ಅವನು ಮೆಚ್ಚಿದ್ದ ಆ ಟಿಕ್‌ಗಳನ್ನು ನಾನು ಭಾನುವಾರ ಪುಸ್ತಕ ಮನೆಗೆ ತಂದು, ಜಗಲಿಯಲ್ಲಿ ಕೂತು, ವಾರಕ್ಕಾಗುವಷ್ಟು ಒಟ್ಟಿಗೇ ಹಾಕಿಡುತ್ತಿದ್ದೆ.

ಅಜ್ಜಿಗೆ ನಾನು ಬಗ್ಗಿ ಬರೆಯುವುದಷ್ಟೇ ಕಾಣುತ್ತಿತ್ತು. “ನಮ್ ನಂದಿತಾ ರಾಮಕೋಟಿ ಬರೀತಿದಾಳೆ ಕಣೇ. ಈ ಕಾಲದಲ್ಲಿ ಯಾವ ಹುಡ್ಗಿ ಬರೀತಾಳೆ ಹೇಳು” ಅಂತ ಹೂವಿನ ಅಂಜಮ್ಮನಿಗೆ ಹೇಳಿಕೊಂಡರು.

ಅಂಜಮ್ಮ ಮೊಳ ಹಾಕುತ್ತಾ ನನ್ನ ಮುಖ ನೋಡಿದಳು. “ಔನಮ್ಮಾ, ಬರೀಲಿ. ದಿನಾಲೂ ಮಲ್ಗೆ ಮುಡ್ಕೊಂಡು ಟೈಪ್ ಮಾಡಕ್ ಹೋಗೋ ಹುಡ್ಗೀನೂ ನಾನ್ ಇವ್ಳೊಬ್ಳನ್ನೇ ನೋಡಿರೋದು.”

ಒಂದು ಪುಸ್ತಕ, ಎರಡು ಸುಳ್ಳು. ನಾನು ಒಳಗೆ ಹೋಗಿ ನೀರು ಕುಡಿದೆ.

ಒಂದು ಗುರುವಾರ ಮಧ್ಯಾಹ್ನ ಹೋದಾಗ ಕೌಸ್ತುಭ್ ಮನೆಯಲ್ಲೇ ಇದ್ದ. ಕಂಪ್ಯೂಟರಿಗೆ ಬೆನ್ನು ಹಾಕಿ ಕೂತಿದ್ದ. ಗಡ್ಡ ಬೋಳಿಸಿರಲಿಲ್ಲ.

“ಇವತ್ತು ಹೋಗ್ಲಿಲ್ವಾ?”

“ಇನ್ಮೇಲೆ ಹೋಗಲ್ಲ.”

ಇನ್‌ಸ್ಟಿಟ್ಯೂಟಿನಲ್ಲಿ ಕಲಿಯಲೆಂದು ಒಂದು ಹಳೆಯ ಸಣ್ಣ ವಿಮಾನ ಇತ್ತು. ಹಿಂದಿನ ದಿನ ಅದರ ಇಂಜಿನ್ ಚಾಲೂ ಮಾಡುವ ಸರದಿ ಅವನದು.

“ನಾನೇ ಜಂಬ ಕೊಚ್ಕೊಂಡೆ. ನಮ್ಮೂರಲ್ಲಿ ಒಬ್ರು ನಾಲ್ಕು ನಿಮಿಷದಲ್ಲಿ ಮುಗಿಸ್ತಾರೆ, ನಾನೂ ಮುಗಿಸ್ತೀನಿ ಅಂತ. ಅವಸರದಲ್ಲಿ ಬ್ರೇಕ್ ನೋಡ್ಲಿಲ್ಲ. ಇಂಜಿನ್ ಹತ್ಕೊಂಡಿದ್ದೇ ವಿಮಾನ ಮುಂದಕ್ಕೆ ಸರೀತು. ರಾಮಚಂದ್ರಪ್ಪ ಸರ್ ಪಕ್ಕದಲ್ಲೇ ಕೂತಿದ್ರು, ಆಫ್ ಮಾಡಿದ್ರು. ಇಲ್ದಿದ್ರೆ ಮುಂದೆ ನಿಂತಿದ್ದ ಹುಡುಗರ ಗತಿ...”

ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

“ಏನಂದ್ರು?”

“ಮೂರು ತಿಂಗಳು ಇಂಜಿನ್ ಹತ್ರ ಸುಳೀಬೇಡ, ಥಿಯರಿ ಕ್ಲಾಸಲ್ಲಿ ಕೂತ್ಕೋ ಅಂದ್ರು. ಅದಲ್ಲ ವಿಷಯ. ಮನೇಲಿ ಕೂತ್ಕೊಂಡು ನಿಮಗೆ ಬರೋದು ಎರಡು ವರ್ಷ ಕಲಿತ ನನ್ನ ಕೈಗೆ ಬರಲ್ಲ ಅಂದ್ರೆ, ಈ ಕೆಲಸ ನನ್ನದಲ್ಲ ನಂದಿತಾ. ಅಪ್ಪ ಇಟ್ಟಿಗೆ ಫ್ಯಾಕ್ಟರಿ ಆಫೀಸಲ್ಲಿ ಮಾತಾಡಿದ್ದಾರೆ. ಸೋಮವಾರದಿಂದ ಬಾ ಅಂದಿದ್ದಾರೆ.”

ಹೇಳಬೇಕಿತ್ತು, ಆಗಲೇ. ಬಾಯಿ ತೆರೆದೆ. “ತಲೆನೋವು, ನಾಳೆ ಬರ್ತೀನಿ” ಅಂದು ಪುಸ್ತಕ ಎತ್ತಿಕೊಂಡು ಬಂದೆ.

ಮನೆಗೆ ಬಂದು ಡೈರಿ ತೆಗೆದೆ. ಯಾರಿಗೂ ಹೇಳದ್ದನ್ನು ಹೇಳಲಿಕ್ಕೆ ಅಂತ ಇಟ್ಟುಕೊಂಡದ್ದು ಅದು. ಹಿಂದಿನ ಪುಟಗಳನ್ನು ತಿರುವಿದರೆ ಅಲ್ಲೂ ಅದೇ ಇತ್ತು: ‘ಇವತ್ತೂ ನಾಲ್ಕು ನಿಮಿಷ. ಅವನಿಗೆ ಆಶ್ಚರ್ಯ.’ ನನ್ನ ಡೈರಿಗೂ ನಾನು ನಿಜ ಹೇಳಿರಲಿಲ್ಲ. ಶುಕ್ರವಾರ ಹೋಗಲಿಲ್ಲ. ಶನಿವಾರವೂ ಹೋಗಲಿಲ್ಲ. ಹೇಳಿದರೆ ಅವನು ನನ್ನ ಮುಖ ನೋಡುವುದಿಲ್ಲ. ಹೇಳದಿದ್ದರೆ ಸೋಮವಾರ ಅವನು ಇಟ್ಟಿಗೆ ಎಣಿಸಲು ಹೋಗುತ್ತಾನೆ, ತನ್ನ ಕೈಯೇ ದಂಡ ಅಂದುಕೊಂಡು.

ಭಾನುವಾರ ಬೆಳಿಗ್ಗೆ ಪುಸ್ತಕ ಎದೆಗವಚಿಕೊಂಡು ಬೀದಿ ದಾಟಿದೆ. ಮಲ್ಲಿಗೆ ಮುಡಿದಿರಲಿಲ್ಲ. ರಾಯರು ಸಂತೆಗೆ ಹೋಗಿದ್ದರು, ಅವನ ತಾಯಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು.

“ಒಂದು ತೋರಿಸ್ಬೇಕು” ಅಂದೆ.

ಕುರ್ಚಿಯಲ್ಲಿ ಕೂತೆ. ಕಾಕ್‌ಪಿಟ್ ಕತ್ತಲಾಗಿತ್ತು, ಅವನು ಬಿಟ್ಟ ಹಾಗೇ. ಅವನು ಬೆನ್ನ ಹಿಂದೆ ನಿಂತ. ಸೋಪಿನ ವಾಸನೆ ತಿಳಿಯುವಷ್ಟು ಹತ್ತಿರ. ಎಷ್ಟೋ ಮಧ್ಯಾಹ್ನ ನಾನು ಕನಸು ಕಂಡ ದೂರ ಅದು. ಎರಡು ಬೆರಳಿಟ್ಟು ಎರಡು ಕೀ ಒತ್ತಿದೆ. ಸ್ವಿಚ್‌ಗಳು ತಾವಾಗಿ ಕೂತವು. ವಿಮಾನದ ಮೂತಿಯ ಪಂಖ ತಿರುಗಿತು.

“ಇದು ನನ್ನ ನಾಲ್ಕು ನಿಮಿಷ” ಅಂದೆ.

ಇಂಜಿನ್ನಿನ ಸದ್ದು ಸುಮ್ಮನೆ ಕೇಳುತ್ತಲೇ ಇತ್ತು.

“ಎಲ್ಲಾ ದಿನಾನೂ?”

“ಎಲ್ಲಾ ದಿನಾನೂ.”

“ಆ ಟಿಕ್‌ಗಳು?”

“ಭಾನುವಾರ ಜಗಲೀಲಿ ಕೂತು ವಾರಕ್ಕಾಗೋಷ್ಟು ಹಾಕ್ತಿದ್ದೆ.”

“ಯಾಕೆ?”

“ನೀವು ಮೆಚ್ಕೊಂಡ್ರಿ. ಆಮೇಲೆ ನಿಲ್ಲಿಸೋಕೆ ಆಗ್ಲಿಲ್ಲ.” ಪುಸ್ತಕವನ್ನು ಮೇಜಿನ ಮೇಲಿಟ್ಟೆ. “ನಿಮ್ಮ ಹನ್ನೊಂದು ನಿಮಿಷ ಸರಿಯಾದದ್ದು. ನನ್ನಿಂದ ಅದನ್ನ ಬಿಡ್ಬೇಡಿ.”

ಅವನು ಬಗ್ಗಿ ಒಂದೊಂದಾಗಿ ಆಫ್ ಮಾಡತೊಡಗಿದ. ರೇಡಿಯೊ, ದೀಪ, ಇಂಜಿನ್, ಕೊನೆಗೆ ಬ್ಯಾಟರಿ. ಎಲ್ಲ ಕತ್ತಲಾದ ಮೇಲೆ ಹೇಳಿದ. “ಮನೆಗೆ ಹೋಗಿ, ನಂದಿತಾ.”

ಸೋಮವಾರ ಬೆಳಿಗ್ಗೆ ರಂಗೋಲಿ ಹಾಕುವ ನೆಪದಲ್ಲಿ ಹೊರಗೆ ಕೂತಿದ್ದೆ. ಅವನು ಬ್ಯಾಗ್ ನೇತುಹಾಕಿಕೊಂಡು ಸ್ಟೇಷನ್ ಕಡೆಗೆ ತಿರುಗಿದ. ಫ್ಯಾಕ್ಟರಿ ಇರುವುದು ಇನ್ನೊಂದು ದಿಕ್ಕಿಗೆ. ನನ್ನ ಕಡೆ ನೋಡಲಿಲ್ಲ. ಚುಕ್ಕಿ ಎಲ್ಲ ತಪ್ಪಿದವು, ಅಳಿಸಿ ಮತ್ತೆ ಇಟ್ಟೆ.

ಟೈಪಿಂಗ್ ಬಿಡಲು ಕಾರಣ ಇರಲಿಲ್ಲ, ಹೋಗುತ್ತಲೇ ಇದ್ದೆ. ಕೆಲಸ ಮುಗಿದ ಮೇಲೆ ಗೋಡೆಯ ಪಟ್ಟಿ ನೋಡಿಕೊಂಡು ಮೊದಲ ಹಂತದಿಂದ ಶುರುಮಾಡಿದೆ. ಇಪ್ಪತ್ತಾರು ನಿಮಿಷ. ಇಂಜಿನ್ ಹತ್ತಲೇ ಇಲ್ಲ. ಹದಿನೇಳನೆಯದು ಮರೆತಿದ್ದೆ. ಆ ಮನೆ ಖಾಲಿ ಬಿಟ್ಟು, ‘26, ಹತ್ತಲಿಲ್ಲ’ ಅಂತ ಬರೆದಿಟ್ಟೆ. ಮರುದಿನ ಅಂಚು ಖಾಲಿ. ಅದರ ಮರುದಿನವೂ ಖಾಲಿ. ಒಂದು ತಿಂಗಳು ನಾನು ಬರೆದೆ, ಅವನು ಬರೆಯಲಿಲ್ಲ. ಹಾರುವುದನ್ನೂ ಬಿಟ್ಟಿದ್ದೆ. ಆ ಎರಡು ಕೀ ಕಂಡರೆ ನನಗೆ ಮೈ ಮುದುಡುತ್ತಿತ್ತು.

ಒಂದು ದಿನ ಪೆನ್ಸಿಲಿನಲ್ಲಿ, ಸಣ್ಣದಾಗಿ: ‘ಹದಿನೇಳು ಯಾಕೆ ಯಾವಾಗಲೂ ಖಾಲಿ?’

‘ಮರೆತುಹೋಗುತ್ತೆ.’

ಮೂರು ದಿನ ಬಿಟ್ಟು: ‘ನನಗೂ ಮೊದಲ ವರ್ಷ ಅದೇ ಮರೆಯುತ್ತಿತ್ತು.’

ಅಷ್ಟೇ. ನಾನು ಆ ಪುಟವನ್ನು ಎಷ್ಟು ಸಲ ಓದಿದೆನೋ.

ಮೂರು ತಿಂಗಳು ಕಳೆದು, ರಾಮಚಂದ್ರಪ್ಪ ಸರ್ ಅವನನ್ನು ಮತ್ತೆ ವಿಮಾನ ಹತ್ತಿಸಿದ ವಾರ, ಭಾನುವಾರ ಅವನೇ ಗೇಟಿನ ಹತ್ತಿರ ಬಂದ.

“ಹನ್ನೆರಡು ನಿಮಿಷ ತಗೊಂಡೆ. ಸರ್ ಏನೂ ಅನ್ಲಿಲ್ಲ. ಏನೂ ಅನ್ಲಿಲ್ಲ ಅಂದ್ರೆ ಪಾಸು.” ಗೇಟು ತೆರೆದು, “ಬನ್ನಿ, ನಾನು ಓದ್ತೀನಿ, ನೀವು ಮಾಡಿ” ಅಂದ.

ಅವನ ತಾಯಿ ಪಕ್ಕದಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಅವನು ಪಟ್ಟಿ ಹಿಡಿದು ಓದಿದ. ಐದನೆಯದಕ್ಕೆ ಅವನ ಧ್ವನಿ ಇಳಿಯಿತು.

“ಬ್ರೇಕ್?”

“ಹಾಕಿದೆ.”

“ಇನ್ನೊಂದ್ಸಲ ನೋಡಿ.”

“ನೋಡಿದೆ. ಹಾಕಿದೆ.”

ಹದಿನೇಳು ಬಂದಾಗ ಅವನು ಓದದೆ ಸುಮ್ಮನೆ ನನ್ನನ್ನೇ ನೋಡಿದ. ನಾನು ಕೈ ಚಾಚಿ ಮಾಡಿದೆ. ಅವನ ಕಣ್ಣಂಚಿನಲ್ಲಿ ಹಳೆಯ ನಗು ಒಮ್ಮೆ ಬಂದು ಹೋಯಿತು. ಹತ್ತೊಂಬತ್ತು ನಿಮಿಷಕ್ಕೆ ಇಂಜಿನ್ ಹತ್ತಿತು. ಪುಸ್ತಕ ಎಳೆದುಕೊಂಡು ಬರೆಯಹೊರಟೆ. ಅವನು ಅದರ ಮೇಲೆ ಬೆರಳಿಟ್ಟ.

“ಇನ್ನೊಂದು ಹಂತ ಉಳಿದಿದೆ” ಅಂದ, ತಾಯಿಗೆ ಕೇಳದ ಹಾಗೆ. “ನಿನ್ನ ಅಜ್ಜಿನ ಕೇಳೋದು. ಅದಕ್ಕೆ ಎರಡು ಕೀ ಇಲ್ವಲ್ಲ.”

ಮೊದಲ ಸಲ ‘ನಿನ್ನ’ ಅಂದಿದ್ದ. ಪುಸ್ತಕದ ಮನೆಗಳೆಲ್ಲ ಒಂದಕ್ಕೊಂದು ಕಲಸಿಕೊಂಡು ಕಂಡವು.

“ಹನ್ನೊಂದರ ತನಕ ಮಡೀಲಿರ್ತಾರೆ” ಅಂದೆ. “ಆಮೇಲೆ ಫಲಾಹಾರ. ಹನ್ನೆರಡಕ್ಕೆ ಬನ್ನಿ.”

“ನಾಳೆ ರಜೆ ಹಾಕ್ಲಾ?”

“ನಾಳೆ ಬೇಡ. ನಾಡಿದ್ದು.” ಪುಸ್ತಕವನ್ನು ಮಡಿಲಿಗೆ ತೆಗೆದುಕೊಂಡೆ. “ನಾಳೆ ನಾನು ಇದನ್ನ ಅವರಿಗೆ ಕೊಟ್ಟು, ಇದರಲ್ಲಿ ಒಂದೂ ರಾಮನಾಮ ಇಲ್ಲ ಅಂತ ಹೇಳ್ಬೇಕು.”