ಮೂರು ಉಸಿರಿನ ಗಾಡಿ

ಅವಳಿಗೆ ಮೊದಲು ಕೇಳಿಸಿದ್ದು ಗಾಡಿಯ ಸದ್ದಲ್ಲ, ಶ್ರುತಿ.

ಕಡೂರಿನಿಂದ ತರೀಕೆರೆಗೆ ಹೋಗುವ ರಸ್ತೆಯ ಪಕ್ಕ, ಹುಣಸೇಮರದ ಕೆಳಗೆ ಕಲ್ಲೇಶಪ್ಪನವರ ವರ್ಕ್‌ಶಾಪು. ಅವರ ಮಗಳು ಗುರುಶಾಂತಮ್ಮ, ಮನೆಯವರ ಬಾಯಲ್ಲಿ ಶಾಂತಾ, ಪಂಪ್‌ಸೆಟ್ಟಿನ ವಾಲ್ವೊಂದನ್ನು ಮಂಡಿಯ ಮೇಲಿಟ್ಟುಕೊಂಡು ಉಜ್ಜುತ್ತಿದ್ದಳು. ಎಂಬತ್ನಾಲ್ಕನೇ ಇಸವಿಯ ಬೇಸಿಗೆ. ಡಾಂಬರಿನ ಮೇಲೆ ಬಿಸಿಲು ಕುಣಿಯುತ್ತಿತ್ತು.

ಆಗ ಬೀರೂರಿನ ದಿಕ್ಕಿನಿಂದ ಆ ನಾದ ಬಂತು.

ಲಾರಿಯ ದಡದಡ ಅಲ್ಲ. ಸ್ಕೂಟರಿನ ಪಟಪಟ ಅಲ್ಲ. ಪೆಟ್ಟೇ ಇಲ್ಲದ, ಒಂದೇ ಎಳೆಯ ನಾದ... ಮಠದಲ್ಲಿ ಪುರಾಣ ಓದಲು ಕೂರುವ ಮುಂಚೆ ಅಪ್ಪ ಶ್ರುತಿಪೆಟ್ಟಿಗೆ ಎಳೆದಂತೆ. ಶಾಂತಾಳ ಕೈ ತಾನಾಗಿ ನಿಂತಿತು.

ಕೆಂಪು ಬಣ್ಣದ, ನೆಲಕ್ಕೆ ಅಂಟಿಕೊಂಡಂತಿದ್ದ ಕಾರು. ಮೂತಿಯಿಂದ ಬಿಳಿ ಹಬೆ ಉಗುಳುತ್ತಾ ಸರಿಯಾಗಿ ಅವಳ ಮುಂದೆಯೇ ಬಂದು ನಿಂತಿತು. ಒಳಗಿನಿಂದ ಇಳಿದವನ ಅಂಗಿಯ ತೋಳು ಮೊಣಕೈ ಮೇಲಕ್ಕೆ ಮಡಿಚಿತ್ತು. ಮೈಯಿಂದ ಡೆಟಾಲಿನ ವಾಸನೆ, ಪ್ಯಾಂಟಿನ ಮೇಲೆ ಸಗಣಿ.

"ನೀರು ಬೇಕಿತ್ತು."

"ಗಾಡಿಗೋ, ನಿಮಗೋ?"

"ಮೊದ್ಲು ಗಾಡಿಗೆ. ನಾನಿನ್ನೂ ಸ್ವಲ್ಪ ತಡ್ಕೋತೀನಿ."

ಶಾಂತಾ ನಗು ತಡೆದುಕೊಂಡು ಚೊಂಬನ್ನು ಅವನ ಕೈಗೇ ಕೊಟ್ಟಳು. "ಕುಡೀರಿ. ಕಾದಿರೋ ಇಂಜಿನ್ನಿಗೆ ಈಗ್ಲೇ ತಣ್ಣೀರು ಹುಯ್ದ್ರೆ ಬಿರಿದು ಹೋಗುತ್ತೆ. ಅದೇ ಸ್ವಲ್ಪ ತಡ್ಕೊಳ್ಳಲಿ."

ಅವನು ಷಣ್ಮುಖ. ಲಿಂಗದಹಳ್ಳಿಯ ಹುಡುಗ, ಅಜ್ಜಂಪುರದಲ್ಲಿ ದನದ ಡಾಕ್ಟ್ರು. ಚಿಕ್ಕಮಗಳೂರು ಕಡೆಯ ಎಸ್ಟೇಟ್ ಧಣಿಯೊಬ್ಬರು ರೇಸಿಗೆಂದು ಜಪಾನಿನಿಂದ ತರಿಸಿದ್ದ ಗಾಡಿ ಇದು. ಸಾಯಲು ಬಿದ್ದಿದ್ದ ಅವರ ಕುದುರೆಯನ್ನು ಷಣ್ಮುಖ ಎಬ್ಬಿಸಿ ನಿಲ್ಲಿಸಿದ್ದ. ಆ ಸಂತೋಷಕ್ಕೆ ಧಣಿ, ಹೇಗೂ ತನಗೆ ತಲೆನೋವಾಗಿದ್ದ ಗಾಡಿಯನ್ನು ಅವನ ಕೈಗಿಟ್ಟಿದ್ದರು.

"ಕರು ಅಡ್ಡ ಬಂದಿದೆ ಅಂತ ಯಗಟಿಯಿಂದ ಹೇಳಿ ಕಳಿಸ್ತಾರೆ. ಬಸ್ಸು ಕಾಯ್ತಾ ಕೂತ್ರೆ ಹಸು ಉಳಿಯುತ್ತಾ?" ಎಂದ ಅವನು, ಬಾನೆಟ್ ಎತ್ತುತ್ತಾ. "ಇದು ಹಾರುತ್ತೆ ಕಣ್ರೀ. ಆದ್ರೆ ಒಂದಿನ ಹಾರಿದ್ರೆ ಎರಡು ದಿನ ಮಲಗುತ್ತೆ."

ಕಲ್ಲೇಶಪ್ಪ ಕಣ್ಣು ಕಿರಿದು ಮಾಡಿ ನೋಡಿದರು. "ಓಟದ ಎತ್ತು ಬೇರೆ, ಹೊಲದ ಎತ್ತು ಬೇರೆ ಕಣಪ್ಪಾ. ಎರಡೂ ಒಂದರಾಗೆ ಸಿಗಲ್ಲ."

"ನಮ್ಮ ಅಮೃತಮಹಲ್ ಎತ್ತು ಎರಡೂ ಮಾಡುತ್ತಲ್ಲ ಯಜಮಾನ್ರೇ?"

ಕಲ್ಲೇಶಪ್ಪ ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. ಶಾಂತಾ ಮಾತ್ರ ಬಾನೆಟ್ಟಿನೊಳಗೆ ಬಗ್ಗಿಬಿಟ್ಟಿದ್ದಳು. ಇಷ್ಟೇ ಇಷ್ಟು ಪುಟ್ಟ ಇಂಜಿನ್. ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ ಎಂದ ಅವನು. ಒಳಗೆ ಏನೋ ಸುಮ್ಮನೆ ತಿರುಗುತ್ತದಂತೆ.

ಅವಳು ಒಂದು ಪ್ಲಗ್ ಬಿಚ್ಚಿ, ಆ ತೂತಿನ ಹತ್ತಿರ ಕಿವಿ ಹಿಡಿದು, "ಸ್ವಲ್ಪ ಸೆಲ್ಫ್ ಹೊಡೀರಿ" ಎಂದಳು.

ಫುಸ್... ಫುಸ್... ಫುಸ್...

ಒಂದು ಸುತ್ತು ತಿರುಗಿದರೆ ಮೂರು ಉಸಿರು. ಮೂರೂ ಸಮ. ಹುಟ್ಟಿದಾಗಿನಿಂದ ಷಟ್ಪದಿ ಕೇಳಿ, ತೊಡೆಯ ಮೇಲೆ ಬೆರಳಲ್ಲಿ ಮಾತ್ರೆ ಎಣಿಸಿ ಬೆಳೆದವಳು ಅವಳು. ಕಬ್ಬಿಣವೂ ಲಯ ತಪ್ಪದೆ ಉಸಿರಾಡುತ್ತದೆಂದು ಅಂದೇ ತಿಳಿದದ್ದು.

*ಇದು ಗಾಡಿಯಲ್ಲ... ಯಾರೋ ಒಳಗೆ ಕೂತು ಓದ್ತಿದ್ದಾರೆ.*

ತಲೆ ಎತ್ತಿದಳು. ಷಣ್ಮುಖ ಇಂಜಿನ್ನನ್ನು ನೋಡುತ್ತಿರಲಿಲ್ಲ. ಅವಳನ್ನು ನೋಡುತ್ತಿದ್ದ.

"ಬಿಟ್ಟು ಹೋಗಿ ಡಾಕ್ಟ್ರೇ. ದಿನಾ ಓಡೋ ಹಂಗೆ ಮಾಡ್ಕೊಡ್ತೀವಿ" ಎಂದವಳಿಗೆ ತನ್ನ ದನಿಯೇ ಹೊಸದಾಗಿ ಕೇಳಿಸಿತು.

* * *

ಅಪ್ಪ ಮಗಳು ಗಾಡಿಗೆ ಕೈ ಹಚ್ಚಿದರು. ಮೂಲದ ರೇಡಿಯೇಟರ್ ನಮ್ಮ ಬಿಸಿಲಿಗೆ ಸಾಲದೆಂದು, ಟ್ರಾಕ್ಟರಿನದೊಂದನ್ನು ಕತ್ತರಿಸಿ ಬೆಸೆದು ಕೂರಿಸಿದರು. ಹೊಗೆಯನ್ನು ಇನ್ನೊಮ್ಮೆ ಸುಡಲು ಇಂಜಿನ್ನಿನ ಮಗ್ಗುಲಲ್ಲಿ ದಪ್ಪನೆಯ ಬೆಂಕಿಗೂಡೊಂದಿತ್ತು. ಅದು ಕೆಂಡದಂತೆ ಕಾದು ಎಲ್ಲವನ್ನೂ ಬೇಯಿಸುತ್ತಿತ್ತು. ಅದನ್ನು ಕಿತ್ತು, ನೇರವಾದ ಕೊಳವೆ ಹಾಕಿದರು. ಗಾಡಿಜಾಡಿನ ರಸ್ತೆಗೆ ಹೊಟ್ಟೆ ತಾಗದಂತೆ ಸ್ಪ್ರಿಂಗ್ ಎತ್ತರಿಸಿದರು.

ಉಳಿದದ್ದು ಒಂದೇ ರೋಗ. ಗಾಡಿ ಎಣ್ಣೆ ಕುಡಿಯುತ್ತಿತ್ತು. ಹಿಂದೆ ತೆಳು ನೀಲಿ ಹೊಗೆ.

ಹುಡುಕುತ್ತಾ ಹೋದ ಶಾಂತಾಳಿಗೆ ಕೂದಲೆಳೆಯಂಥ ಕೊಳವೆಯೊಂದು ಕಂಡಿತು. ಇಂಜಿನ್ ಆಯಿಲನ್ನು ಹನಿಹನಿಯಾಗಿ ಪೆಟ್ರೋಲಿನ ದಾರಿಗೇ ಬಿಡುತ್ತಿತ್ತು. ಯಾವ ಇಂಜಿನ್ನಿನಲ್ಲೂ ಹೀಗಿರುವುದನ್ನು ಅವಳು ಕಂಡಿರಲಿಲ್ಲ, ಕಲ್ಲೇಶಪ್ಪನವರೂ ಕಂಡಿರಲಿಲ್ಲ.

"ಯಾರೋ ತಪ್ಪಾಗಿ ಸೇರಿಸವ್ರೆ" ಎಂದರು ಅವರು.

ಅವಳೇ ಲೇತಿನಲ್ಲಿ ಹಿತ್ತಾಳೆಯ ಪುಟ್ಟ ಬಿರಡೆ ಕಡೆದು ಕೊಳವೆಯ ಬಾಯಿ ಮುಚ್ಚಿದಳು. ಹೊಗೆ ನಿಂತಿತು!

ಷಣ್ಮುಖ ಬಂದಾಗ ಅವಳ ಮುಖದಲ್ಲಿ ಕಾರ್ತಿಕದ ದೀಪ ಹಚ್ಚಿದಂತಿತ್ತು. "ನೋಡಿ ಡಾಕ್ಟ್ರೇ. ಒಂದು ಹನಿ ಎಣ್ಣೆ ಉರಿಯಲ್ಲ ಈಗ. ದಾರಿ ನಾನೇ ಮುಚ್ಚಿದೆ."

ಅವನು ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿದ. ಮಾತು ನುಂಗಿ, ಕೀ ತೆಗೆದುಕೊಂಡ.

ಆಮೇಲೆ ಆ ಗಾಡಿ ಓಡಿದ್ದೇ ಓಡಿದ್ದು. ಯಗಟಿ, ಚೌಳಹಿರಿಯೂರು, ತರೀಕೆರೆ... ದಿನವೂ. "ದನದ ಡಾಕ್ಟ್ರು ನೆಲದ ಮ್ಯಾಲೆ ಇಮಾನ ಬಿಟ್ಟವ್ರೆ" ಎಂದು ಲಾರಿ ಡ್ರೈವರ್ ಬೀರಪ್ಪ ಊರಿಗೆಲ್ಲ ಸಾರಿದ. ಎಲ್ಲಿಗೇ ಹೋಗಿರಲಿ, ವಾಪಸ್ಸಾಗುವ ದಾರಿ ಮಾತ್ರ ಹುಣಸೇಮರದ ಮುಂದೆಯೇ.

"ಏನೋ ಸಣ್ಣ ಶಬ್ದ ಬರ್ತಿದೆ, ಸ್ವಲ್ಪ ನೋಡ್ತೀರಾ?"

"ಯಾವ ಶಬ್ದವೂ ಇಲ್ವಲ್ಲ ಡಾಕ್ಟ್ರೇ."

"ಇದೆ. ನಿಮಗೆ ಕೇಳಿಸ್ತಿಲ್ಲ ಅಷ್ಟೇ."

ಒಳಗಿನಿಂದ ಅಜ್ಜಿ ತೀರ್ಥಮ್ಮ, "ನನಗೆ ಕೇಳಿಸ್ತೈತೆ ಕಣಪ್ಪಾ" ಎನ್ನುತ್ತಿದ್ದಳು. ಶಾಂತಾ ಕೆಂಪಾಗಿ ಸ್ಪ್ಯಾನರ್ ಹುಡುಕುವ ನೆಪದಲ್ಲಿ ಬಗ್ಗುತ್ತಿದ್ದಳು.

* * *

ಆಷಾಢದ ಗಾಳಿ ಬೀಸುತ್ತಿದ್ದ ಒಂದು ಮಧ್ಯಾಹ್ನ, ಯಗಟಿ ದಾರಿಯಲ್ಲಿ ಗಾಡಿ ಸತ್ತಿತು.

ಷಣ್ಮುಖ ಬ್ಯಾಗು ಹೊತ್ತು ನಡೆದೇ ಹೋದ. ಹಸು ಉಳಿಯಿತು. ಕರು ಉಳಿಯಲಿಲ್ಲ.

ಸಂಜೆ ಒಂದು ಜೊತೆ ಎತ್ತು ಆ ಕೆಂಪು ಗಾಡಿಯನ್ನು ಎಳೆದು ತಂದು ವರ್ಕ್‌ಶಾಪಿನ ಮುಂದೆ ನಿಲ್ಲಿಸಿದವು. ಶಾಂತಾ ಪ್ಲಗ್ ಬಿಚ್ಚಿ ಕಿವಿಗೊಟ್ಟಳು.

ಫುಸ್... ಹಾ... ಹಾ... ಫುಸ್... ಹಾ... ಹಾ...

ಒಂದು ಉಸಿರು ಗಟ್ಟಿ. ಎರಡು ಬರೀ ನಿಟ್ಟುಸಿರು.

"ನನ್ನ ಕೈ ತಾಗಿಯೇ ಹಿಂಗಾಯ್ತಾ?" ಎಂದಳು.

ಗಾಡಿಯ ಹಿಂದೆಯೇ ನಡೆದು ಬಂದಿದ್ದ ಷಣ್ಮುಖ ಅವಳತ್ತ ನೋಡಲೇ ಇಲ್ಲ. "ಇರ್ಲಿ ಬಿಡಿ" ಎಂದ, ನೆಲ ನೋಡುತ್ತಾ. ಬಸ್ಸು ಬಂತು. ಹತ್ತಿದ. ಹೊರಟುಹೋದ.

*ಬೈದಿದ್ದರೆ ಆಗಿತ್ತು... ಒಂದು ಮಾತು ಬೈದಿದ್ದರೂ ಆಗಿತ್ತು.*

ಮರುದಿನ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಬೀರಪ್ಪ ಸುದ್ದಿ ತಂದ: "ಡಾಕ್ಟ್ರು ರಜಾ ಹಾಕಿ ಹೋದ್ರಂತೆ. ಬ್ಯಾರೆ ಊರಿಗೆ ವರ್ಗ ಮಾಡಿಸ್ಕೋತಾರೆ ಅಂತ ಅಜ್ಜಂಪುರದಾಗೆ ಮಾತು." ಆಮೇಲೆ ತಲೆ ಕೆರೆದುಕೊಂಡು, "ಇಮಾನಕ್ಕೆ ಪಂಪ್‌ಸೆಟ್ ರಿಪೇರಿಯೋರು ಕೈ ಹಾಕಿದ್ರೆ ಇನ್ನೇನಾಗುತ್ತೆ" ಎಂದ.

ಆ ದಿನ ಶಾಂತಾ ಸ್ಪ್ಯಾನರುಗಳನ್ನೆಲ್ಲ ಒರೆಸಿ ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದಳು. ಇನ್ನು ಅದನ್ನು ತೆಗೆಯುವುದಿಲ್ಲವೆಂದುಕೊಂಡಳು. ತನ್ನ ಕಿವಿಯ ಮೇಲೆ, ಕೈಯ ಮೇಲೆ ಇದ್ದ ನಂಬಿಕೆಯೇ ಹೋಗಿತ್ತು. ಅದರ ಜೊತೆ ಅವನೂ.

* * *

ಶ್ರಾವಣ ಬಂತು. ಮಠದಲ್ಲಿ ಸಂಜೆಯ ಪುರಾಣ. ಕಲ್ಲೇಶಪ್ಪ ಶ್ರುತಿ ಹಿಡಿದರು. ಆ ನಾದಕ್ಕೆ ಶಾಂತಾಳ ಕಣ್ಣು ತುಂಬಿತು. ಮುಖ ತಿರುಗಿಸಿ ಗದ್ದುಗೆಯ ಮುಂದಿನ ನಂದಾದೀಪ ನೋಡುತ್ತಾ ಕೂತಳು. ಅಜ್ಜಿ ಎದ್ದು ಹೋಗಿ ಹಣತೆಗೆ ಎಣ್ಣೆ ಎರೆದು ಬಂದಳು.

"ಈಗ ತಾನೇ ಹಾಕಿದ್ಯಲ್ಲಜ್ಜಿ. ಎಷ್ಟು ಕುಡಿಯುತ್ತೆ ಅದು?"

"ಕುಡೀದೆ ಉರಿಯೋದು ಹೆಂಗೆ ಮಗಾ? ಎಣ್ಣೆ ಉಳಿಸ್ತೀನಿ ಅಂತ ಕೈ ಬಿಗಿ ಹಿಡಿದ್ರೆ, ಬತ್ತಿನೇ ಸುಟ್ಟು ಹೋಗುತ್ತೆ."

ಶಾಂತಾ ದೀಪದ ಹತ್ತಿರಕ್ಕೆ ಸರಿದಳು.

*ಬತ್ತಿನೇ ಸುಟ್ಟು ಹೋಗುತ್ತೆ...*

ಆ ಕೊಳವೆ ಯಾರ ತಪ್ಪೂ ಅಲ್ಲ. ಅದು ಎಣ್ಣೆ ಎರೆಯುವ ಕೈ.

ಬೆಳಗಾಗುತ್ತಲೇ ಪೆಟ್ಟಿಗೆಯ ಮುಚ್ಚಳ ತೆಗೆದಳು. ಅಪ್ಪನನ್ನು ಎಳೆದುಕೊಂಡು ಹೋಗಿ ಇಂಜಿನ್ ಇಳಿಸಿದಳು. ಅಂಚಿನ ಬೋಲ್ಟುಗಳನ್ನು ಬಿಚ್ಚಿ, ಮೇಲಿನ ತಟ್ಟೆ ಎತ್ತಿದಾಗ ಅಪ್ಪ, ಮಗಳು, ಹಿಂದೆಯೇ ಬಂದಿದ್ದ ಅಜ್ಜಿ ಮೂವರೂ ಬಗ್ಗಿ ನೋಡಿದರು.

ಅಂಡಾಕಾರದ ಗುಡಿಯೊಳಗೆ ಮೂರು ಮೂಲೆಯ ಒಂದು ಕಬ್ಬಿಣ. ಮೂಲೆಗಳು ನುಣುಪು, ಮಗ್ಗುಲುಗಳು ಉಬ್ಬಿದ ಎಲೆಯಂತೆ. ಕೈಯಲ್ಲಿ ತಿರುಗಿಸಿದರೆ ಅದು ತನ್ನ ಸುತ್ತಲೂ ತಿರುಗುತ್ತಿತ್ತು, ಗುಡಿಯ ಒಳಗೋಡೆಗೆ ಪ್ರದಕ್ಷಿಣೆಯನ್ನೂ ಹಾಕುತ್ತಿತ್ತು. ಒಂದು ಮೂಲೆಯೂ ಗೋಡೆಯನ್ನು ಬಿಡದೆ.

ತೀರ್ಥಮ್ಮ ಕನ್ನಡಕ ಸರಿಮಾಡಿಕೊಂಡಳು. "ಲೇ ಶಾಂತೀ... ಬಿಲ್ವಪತ್ರೆ ಇದ್ದಂಗೈತಲ್ಲೇ ಇದು."

ಕಲ್ಲೇಶಪ್ಪ ಚಪ್ಪಲಿ ಕಳಚಿ ಪಕ್ಕಕ್ಕೆ ತಳ್ಳಿದರು. ಯಾರೂ ನಗಲಿಲ್ಲ.

ಶಾಂತಾ ಬೆರಳ ತುದಿಯಿಂದ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮೂರು ಮೂಲೆಗೂ ಒಂದೊಂದು ತೆಳುವಾದ ಪಟ್ಟಿ ಇತ್ತು. ಅದೇ ಗೋಡೆಗೆ ಒತ್ತಿ ಉಸಿರು ಹಿಡಿಯುವ ಸೀಲು. ಒಂದು ಮೂಲೆಯ ಸೀಲು ಒಣಗಿ, ಸವೆದು, ಮುರಿದಿತ್ತು. ಎಣ್ಣೆ ಕಾಣದ ಬತ್ತಿಯಂತೆ.

"ಅಪ್ಪಾ, ನಾನು ಅಜ್ಜಂಪುರಕ್ಕೆ ಹೋಗಿ ಅವರಿಗೆ ಹೇಳ್ಬೇಕು. ಎಲ್ಲಿಗೆ ಹೋಗವ್ರೆ ಅಂತ ವಿಚಾರಿಸಿಯಾದ್ರೂ..."

"ಎಲ್ಲಿಗೂ ಹೋಗ್ಬೇಕಿಲ್ಲ" ಎಂದಿತು ಬಾಗಿಲ ಬಳಿಯ ದನಿ.

ಷಣ್ಮುಖ. ಗಡ್ಡ ಬೆಳೆದಿತ್ತು, ಅಂಗಿ ಮಾಸಿತ್ತು. ಕಂಕುಳಲ್ಲಿ ಬಟ್ಟೆ ಸುತ್ತಿದ ಒಂದು ಪೊಟ್ಟಣ.

"ಎಣ್ಣೆ ನಿಂತ್ರೆ ಮೊದ್ಲು ಹೋಗೋದು ಸೀಲೇ ಅಂದ್ರು ಧಣಿ, ಆದ್ರೆ ಅವರ ಮನೇಲಿ ಸಿಗ್ಲಿಲ್ಲ. ಮದರಾಸಿಗೆ ಹೋದೆ, ಅಲ್ಲೂ ಸಿಗ್ಲಿಲ್ಲ. ಬೊಂಬಾಯಿ ಹಡಗುಕಟ್ಟೆ ಹತ್ರ ಒಬ್ರ ಕೈಲಿ ಇತ್ತು." ಪೊಟ್ಟಣ ಬಿಚ್ಚಿದ. ಹೊಸ ಸೀಲುಗಳು, ಎಣ್ಣೆ ಕಾಗದದಲ್ಲಿ ಮಿನುಗುತ್ತಾ.

ಶಾಂತಾಳ ಕಣ್ಣೀರು ಹರಿಯತೊಡಗಿತು. "ತಪ್ಪು ನಂದು ಡಾಕ್ಟ್ರೇ. ಎಣ್ಣೆ ಕುಡಿಯೋದು ಅದರ ರೋಗ ಅಂದ್ಕೊಂಡೆ. ಅದರ ಗುಣ ಅದು. ನಾನು..."

"ನನಗೆ ಗೊತ್ತಿತ್ತು."

"ಏನು?"

"ಎಣ್ಣೆ ಕುಡೀಲಿ ಬಿಡು, ಮುಟ್ಟಬೇಡ ಅಂತ ಧಣಿ ಮೊದ್ಲೇ ಹೇಳಿದ್ರು. ನೀವು ಕೀ ಕೊಟ್ರಲ್ಲ ಅವತ್ತು... ನಿಮ್ಮ ಮುಖ ಹಂಗಿತ್ತು. ಆ ಬೆಳಕು ನನ್ನ ಬಾಯಿಂದ ಆರೋದು ಬೇಡ ಅನ್ನಿಸ್ತು. ಇವರಿಗಿಂತ ಧಣಿಗೆ ಏನು ಗೊತ್ತು ಅಂತ ನನಗೆ ನಾನೇ ಹೇಳ್ಕೊಂಡೆ." ಅವನ ದನಿ ಕುಸಿಯಿತು. "ಆ ಕರು ಹೋಗಿದ್ದು ನನ್ನ ಮೌನದಿಂದ. ನಿಮ್ಮ ಮುಖ ನೋಡೋಕೆ ಧೈರ್ಯ ಸಾಲ್ಲಿಲ್ಲ."

ಇಷ್ಟು ದಿನ ಕೋಪವೆಂದುಕೊಂಡಿದ್ದ ಮೌನ ಇದೇನಾ?

ಅವಳಿಗೆ ಒಟ್ಟಿಗೇ ಅಳು, ಸಿಟ್ಟು, ನಗು. "ಗೊತ್ತಿದ್ದೂ ನುಂಗ್ಕೊಂಡ್ರಲ್ಲ... ಹಸು ಕಾಯಿಲೆ ಬಿದ್ರೂ ಹಿಂಗೇ ಸುಮ್ಮನಿರ್ತೀರಾ?"

"ಇಲ್ಲ. ಹಸು ಮುಖ ನೋಡಿ ನಾನು ಹಂಗೆ ಮೈಮರೆಯಲ್ಲ."

ಕಲ್ಲೇಶಪ್ಪ ಕೆಮ್ಮಿದರು. "ಸ್ಪ್ಯಾನರ್ ಕೊಡೇ ಶಾಂತಾ. ಮಾತಲ್ಲಿ ಇಂಜಿನ್ ಕೂರಲ್ಲ."

ಪುಣ್ಯಕ್ಕೆ ಒಳಗೋಡೆಯ ಗೀರು ಆಳವಾಗಿರಲಿಲ್ಲ. ಹೊಸ ಸೀಲುಗಳು ಕೂತವು. ಹಿತ್ತಾಳೆ ಬಿರಡೆ ಹೊರಬಂತು. ಅಷ್ಟಕ್ಕೇ ಶಾಂತಾಳಿಗೆ ಸಮಾಧಾನವಿಲ್ಲ. "ದಿನಾ ಬಿಸಿಲಲ್ಲಿ ಜೋರಾಗಿ ಓಡೋ ಗಾಡಿಗೆ ಆ ಹನಿ ಸಾಲ್ದು. ಬಂಕಿನಲ್ಲಿ ಸ್ಕೂಟರಿಗೆ ಪೆಟ್ರೋಲಿನ ಜೊತೆಗೇ ಎಣ್ಣೆ ಬೆರೆಸಿ ಹಾಕಲ್ವಾ? ಇದಕ್ಕೂ ಸ್ವಲ್ಪ ಹಂಗೇ ಹಾಕೋಣ."

ಪ್ಲಗ್ ಬಿಚ್ಚಿ ಕಿವಿಗೊಟ್ಟಳು. ಷಣ್ಮುಖ ಕೀ ತಿರುಗಿಸಿದ.

ಫುಸ್... ಫುಸ್... ಫುಸ್...

ಅವಳು ಕಣ್ಣು ಮುಚ್ಚಿ ಕೇಳುತ್ತಲೇ ಇದ್ದಳು.

* * *

ಮೊದಲ ಕರೆ ಚೌಳಹಿರಿಯೂರಿನಿಂದ ಬಂತು. ಗಿರಿಯಪ್ಪನವರ ಹಸು, ಕರು ಅಡ್ಡ. ಗಾಡಿಯ ಉಸಿರು ಕೇಳಲು ಶಾಂತಾ ಜೊತೆಗಿರಲೇಬೇಕೆಂದ ಷಣ್ಮುಖ. ಹಾಗಾದರೆ ತಾನೂ ಇರಲೇಬೇಕೆಂದು ತೀರ್ಥಮ್ಮ ಹಿಂದಿನ ಗೇಣಗಲದ ಸೀಟಿನಲ್ಲಿ ಮಂಡಿ ಮಡಿಚಿ, ಶಿವನಾಮ ಹೇಳುತ್ತಾ ಕೂತಳು.

ಗಾಡಿ ಹಾರಿತು. ತೆಂಗಿನ ತೋಟಗಳು, ರಾಗಿಹೊಲಗಳು, ಕುರಿಹಿಂಡುಗಳು ಒಂದೇ ಬಣ್ಣವಾಗಿ ಹಿಂದೆ ಸರಿದವು. ಬಾಣದಂತೆ ಹೋಗುವ ಆ ಕಬ್ಬಿಣದ ಎದೆಯೊಳಗೆ ಒಂದು ಬಿಲ್ವಪತ್ರೆ ಸುತ್ತುತ್ತಿದೆಯೆಂದು ನೆನೆದು ಶಾಂತಾ ಕೈ ಮುಗಿದಳು.

ಸಮಯಕ್ಕೆ ಸರಿಯಾಗಿ ತಲುಪಿದರು. ಷಣ್ಮುಖ ಒದ್ದೆ ತೋಳಿನಲ್ಲಿ ಕರುವನ್ನು ಎಳೆದು ಹೊರತಂದು ಹುಲ್ಲಿನ ಮೇಲೆ ಮಲಗಿಸಿದ. ಅದು ತಲೆ ಕೊಡವಿತು. ಉಸಿರಾಡಿತು. ತಾಯಿ ನೆಕ್ಕತೊಡಗಿತು.

ಹೊರಗೆ ಬಂದಾಗ ಶಾಂತಾ ಟ್ಯಾಂಕಿಗೆ ಎಣ್ಣೆ ಎರೆಯುತ್ತಿದ್ದಳು. ತೀರ್ಥಮ್ಮ ಹಿಂದಿನ ಸೀಟಿನಲ್ಲಿ ನಿದ್ದೆ ಹೋದವಳಂತೆ ಒರಗಿದ್ದಳು.

"ಇನ್ಮೇಲೆ ಗೊತ್ತಿರೋದನ್ನ ನುಂಗ್ಕೋಬಾರ್ದು" ಎಂದಳು ಶಾಂತಾ, ತಲೆ ಎತ್ತದೆ.

"ಆಯ್ತು."

"ಇನ್ನೂ ಏನಾದ್ರೂ ಹೇಳ್ದೇ ಇಟ್ಕೊಂಡಿದ್ದೀರಾ?"

"ಒಂದಿದೆ. ನೀವು ಚೊಂಬು ಕೊಟ್ಟ ದಿನದಿಂದ."

"ಗಾಡಿ ವಿಷಯಾನಾ?"

"ಅಲ್ಲ."

ಶಾಂತಾಳ ಕೈಯ ಡಬ್ಬಿಯಿಂದ ಎಣ್ಣೆ ತುಳುಕಿತು. ಹಿಂದಿನ ಸೀಟಿನಿಂದ, ಕಣ್ಣು ಮುಚ್ಚಿಕೊಂಡೇ ಅಜ್ಜಿ, "ಅಲ್ಲ ಅಂದ್ರೆ ಮತ್ತೇನು ಅಂತ ಕೇಳೇ ಮಗಾ. ನನ್ನ ಮಂಡಿ ಹಿಡ್ಕೊಂಡೈತೆ" ಎಂದಳು.

ಷಣ್ಮುಖ ನಕ್ಕುಬಿಟ್ಟ. ಆಮೇಲೆ ನಗು ನಿಂತಿತು. "ನನ್ನ ಬದುಕಿನ ತುಂಬಾ ನೀನು ಬೇಕು ಶಾಂತಾ. ನಾಳೆನೇ ಬಂದು ನಿಮ್ಮಪ್ಪನ್ನ ಕೇಳ್ಲಾ?"

ಅವಳು ಎಣ್ಣೆಯ ಡಬ್ಬಿ ಬಗ್ಗಿಸಿ, ಕೊನೆಯ ಹನಿ ಬೀಳುವವರೆಗೂ ಹಿಡಿದಳು.

"ಜಾಸ್ತಿ ಆಯ್ತೇನೋ" ಎಂದ ಅವನು ಮೆಲ್ಲಗೆ. "ದಾರಿಯುದ್ದ ಹೊಗೆ ಬರುತ್ತೆ."

"ಬರ್ಲಿ, ನಾಳೆ ನೀವು ನಮ್ಮನೆಗೆ ಬರೋವಾಗ್ಲೂ ಬರ್ಲಿ" ಎಂದಳು ಶಾಂತಾ. "ಉರೀತಾ ಇದೆ ಅಂತ ನಾಲ್ಕು ಜನಕ್ಕೆ ಗೊತ್ತಾಗ್ಲಿ."