ಗುಲಾಬಿ ತೋಟದ ಕೆಳಗಿನ ಈಜುಕೊಳ

"ಈ ಕೊನೇ ಮಾತು ಬರೆದವರು ನೀವೇನಾ?"

ಅವಳು ನಾಟಕದ ಪ್ರತಿಯನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಹಾಲಿಸ್‌ನ ಕಾಫಿ ಲೋಟ ಮಗುಚಿಕೊಂಡಿತು. ಅವನು ಲೋಟ ಎತ್ತಲಿಲ್ಲ. ಎದುರಿಗೆ ನಿಂತವಳನ್ನೇ ನೋಡುತ್ತಾ ಕೂತ.

ಡೆಲ್ಫೀನ್ ಟಾಲಿವರ್... ಅಟ್ಲಾಂಟಾದಲ್ಲಿ ನಟಿಯಾಗಿ ಹೆಸರು ಮಾಡಿ, ಈ ಒಂದು ನಾಟಕಕ್ಕಾಗಿ ಹ್ಯಾಡ್ಲಿಯ ರಂಗಮಂದಿರಕ್ಕೆ ವಾಪಸ್ ಬಂದವಳು. ಅವಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅನ್ನುತ್ತಾರೆ ನಮ್ಮೂರಿನವರು. ಸುಳ್ಳಲ್ಲ. ಆದರೆ ಅಲಬಾಮಾದ ಈ ಊರಲ್ಲಿ ಹುಟ್ಟಿದ ಕಪ್ಪು ಹುಡುಗಿಯ ಮೂಗಿನ ಮೇಲೆ ಮತ್ತೇನು ಕೂರಬೇಕಿತ್ತು?

"ನಾನೇ ಬರೆದಿದ್ದು," ಅಂದ ಹಾಲಿಸ್ ಗ್ರೀರ್. ಹೊಂಬಣ್ಣದ ಕೂದಲು, ಇಸ್ತ್ರಿ ಕಾಣದ ಅಂಗಿ, ಬೆದರಿದ ಕಣ್ಣು.

"ಹಾಗಾದ್ರೆ ಓದಿ."

"ಏನು?"

"ಜೋರಾಗಿ ಓದಿ. ನಿಮ್ಮ ಬಾಯಲ್ಲೇ ಕೇಳೋಣ, ಎಷ್ಟು ಚೆನ್ನಾಗಿರುತ್ತೆ ಅಂತ."

ಅವನು ಬಾಯಿ ತೆರೆದ. ಅಷ್ಟರಲ್ಲಿ ಮೂಲೆಯಿಂದ ನಿರ್ದೇಶಕ ಸೈಲಸ್ ಬೂಕರ್ ಗುಡುಗಿದ.

"ಏಯ್, ಬಾಯಿ ಮುಚ್ಚೋ. ನಾಟಕದ ಕೊನೇ ಮಾತನ್ನ ಮೊದಲನೇ ಪ್ರದರ್ಶನಕ್ಕೆ ಮುಂಚೆ ಈ ರಂಗಮಂದಿರದಲ್ಲಿ ಯಾರೂ ಆಡಲ್ಲ. ನನ್ನ ಗುರುಗಳ ಕಾಲದಿಂದ ಬಂದ ಪದ್ಧತಿ ಇದು. ಮೀರಿದ್ರೆ ಮನೆಗೆ ನಡೀರಿ, ಇಬ್ಬರೂ."

ರಂಗಭೂಮಿಯವರ ನಂಬಿಕೆ ಹಾಗೆ. ತಾಲೀಮಿನಲ್ಲಿ ಕೊನೆಯ ಮಾತು ಆಡಿದರೆ ನಾಟಕ ಅಲ್ಲೇ ಮುಗಿದುಹೋಯಿತಂತೆ, ಇನ್ನು ಪ್ರೇಕ್ಷಕರಿಗೆ ಉಳಿಯುವುದೇನು?

ಡೆಲ್ಫೀನ್ ಹಲ್ಲು ಕಚ್ಚಿಕೊಂಡು ಕೂತಳು. ಸರಿ, ತಾಲೀಮು ಮುಗಿಯುವವರೆಗೂ ಆ ಮಾತು ನನ್ನ ನಾಲಿಗೆಗೆ ಬರಲ್ಲ... ಆಮೇಲೆ ನೋಡಿಕೊಳ್ಳೋಣ ಅಂದುಕೊಂಡಳು.

ಅಂಥ ಮಾತು ಏನಿತ್ತು?

"ನಾನು ನಿನ್ನನ್ನ ಕ್ಷಮಿಸಿದ್ದೀನಿ."

ಅಷ್ಟೇ.

* * *

ಅರವತ್ತರ ದಶಕದಲ್ಲಿ ಹ್ಯಾಡ್ಲಿಯಲ್ಲಿ ಒಂದು ಈಜುಕೊಳ ಇತ್ತು, ಬಿಳಿಯರಿಗೆ ಮಾತ್ರ. ಎಲ್ಲರಿಗೂ ಬಾಗಿಲು ತೆರೆಯಿರಿ ಅಂತ ನ್ಯಾಯಾಲಯ ಹೇಳಿತು. ನಮ್ಮ ಹಿರಿಯರು ಏನು ಮಾಡಿದರು ಗೊತ್ತೇ? ಲಾರಿಗಟ್ಟಲೆ ಮಣ್ಣು ತಂದು ಕೊಳವನ್ನೇ ಮುಚ್ಚಿದರು. ಕಪ್ಪು ಮಕ್ಕಳು ಇಳಿಯುವುದಾದರೆ ತಮ್ಮ ಮಕ್ಕಳಿಗೂ ನೀರು ಬೇಡ ಅಂದರು. ಮೇಲೆ ಗುಲಾಬಿ ನೆಟ್ಟರು. ಈಗಲೂ ಮದುವೆಯಾದವರು ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ತಿಪ್ಪೆ ಸಾರಿಸುವುದರಲ್ಲಿ ನಮ್ಮೂರನ್ನು ಮೀರಿಸುವವರು ಇಲ್ಲ.

ಮುಚ್ಚುವುದಕ್ಕೆ ಹಿಂದಿನ ಬೇಸಿಗೆಯಲ್ಲಿ ಕೊಳದ ಬೇಲಿಗೆ ಮುಖ ಒತ್ತಿಕೊಂಡು ನಿಂತಿದ್ದ ಎಂಟು ವರ್ಷದ ಹುಡುಗಿ ಯೂಲಾ. ಡೆಲ್ಫೀನಳ ಅಜ್ಜಿ. ನೀರಿನೊಳಗೆ ಒಬ್ಬ ಬಿಳಿ ಹುಡುಗ ಇದ್ದ. ಹಾಲಿಸ್‌ನ ನಾಟಕದಲ್ಲಿ ಆ ಇಬ್ಬರೂ ಮುಪ್ಪಿನಲ್ಲಿ ಗುಲಾಬಿ ತೋಟದ ಬೆಂಚಿನ ಮೇಲೆ ಎದುರಾಗುತ್ತಾರೆ, ಕೊನೆಯ ಮಾತು ಅವಳದು.

"ನನ್ನ ಕಥೆ ಬೇರೆ ಯಾರ ಬಾಯಲ್ಲೂ ಬೇಡ ಮಗಾ. ನೀನೇ ಆಡು," ಅಂತ ಅಜ್ಜಿ ಫೋನಿನಲ್ಲಿ ಹೇಳಿದ್ದಕ್ಕೆ ಡೆಲ್ಫೀನ್ ಬಂದಿದ್ದಳು.

ಬಿಳಿ ಮುದುಕನ ಪಾತ್ರಕ್ಕೆ ಒಪ್ಪಿದ್ದ ನಟ ಮೂರನೇ ದಿನವೇ ಕೈಕೊಟ್ಟ. ಈ ನಾಟಕ ಆಡಿದರೆ ತನ್ನ ಅಂಗಡಿಗೆ ಗಿರಾಕಿಗಳು ಬರುವುದಿಲ್ಲವಂತೆ. ಬೇರೆ ದಾರಿ ಕಾಣದೆ ಹಾಲಿಸ್ ತಾನೇ ನರೆಗೂದಲ ಟೋಪನ್ ಹಾಕಿಕೊಂಡು ನಿಂತ. ನಟನೆ ಸುಮಾರು.

"ಆ ಕೈ ಯಾಕೆ ಹಾಗೆ ನೇತಾಡ್ತಿದೆ? ಒಣಗಹಾಕಿದ ಬಟ್ಟೆ ಥರ?" ಅಂದಳು ಡೆಲ್ಫೀನ್.

"ಮುದುಕನ ಕೈ ಅಲ್ವಾ..."

"ಮುದುಕ ಅಂದ್ರೆ ಹೆಣ ಅಲ್ಲ ಕಣ್ರೀ."

ಅವನು ನಕ್ಕ. ನಗಬಾರದು ಅಂದುಕೊಂಡಿದ್ದವಳೂ ನಕ್ಕುಬಿಟ್ಟಳು. ಥೂ, ಇವನ ಮೇಲೆ ಕೋಪ ನಿಲ್ಲುತ್ತಿಲ್ಲವಲ್ಲ!

ಮಧ್ಯಾಹ್ನ ಬಿಡುವಿನಲ್ಲಿ ಅವನು ಉಪ್ಪುನೀರಿನಲ್ಲಿ ಬೇಯಿಸಿದ ಕಡಲೆಕಾಯಿ ತರುತ್ತಿದ್ದ. ರಂಗಮಂದಿರದ ಹಿಂದಿನ ಮೆಟ್ಟಿಲಿನಲ್ಲಿ ಕೂತು, ಮಧ್ಯೆ ಪೊಟ್ಟಣ ಇಟ್ಟುಕೊಂಡು ಇಬ್ಬರೂ ಸಿಪ್ಪೆ ಬಿಡಿಸಿ ತಿನ್ನುತ್ತಿದ್ದರು. ನೀವು ಹೋಗಿ ನೀನು ಬಂದಿದ್ದು ಅಲ್ಲಿಯೇ.

"ಬೇಲಿ ಹತ್ರ ಆ ಹುಡುಗಿ ಏನೋ ಕೇಳ್ತಾಳೆ, ಹುಡುಗ ಉತ್ತರ ಕೊಡದೆ ನೀರಲ್ಲಿ ಮುಳುಗ್ತಾನೆ ಅಂತ ಬರೆದಿದ್ದೀಯ," ಅಂದಳು ಒಂದು ದಿನ. "ಏನು ಕೇಳ್ತಾಳೆ ಅಂತ ಯಾಕೆ ಬರೆದಿಲ್ಲ?"

"ನನಗೆ ಗೊತ್ತಿಲ್ಲ. ಯೂಲಾ ಅಮ್ಮ ಎಲ್ಲಾ ಹೇಳಿದ್ರು, ಅದೊಂದು ಹೇಳಲಿಲ್ಲ."

"ಗೊತ್ತಿಲ್ದೇ ಇರೋದನ್ನ ಖಾಲಿ ಬಿಟ್ಟಿದ್ದೀಯ. ಅಷ್ಟು ಮರ್ಯಾದೆ ಕೊನೇ ಮಾತಿಗೂ ತೋರಿಸಬಹುದಿತ್ತು."

ಅವನು ಏನೋ ಹೇಳಲು ಬಂದ. ಆದರೆ ಹೇಳದೆ, ಬಿಡಿಸಿದ ಕಾಳುಗಳನ್ನೆಲ್ಲ ಅವಳ ಕಡೆಗೆ ಸರಿಸಿದ. ಆ ಕ್ಷಣದಲ್ಲಿ ಅವಳ ಎದೆಯಲ್ಲಿ ಏನೋ ಮೆತ್ತಗಾಯಿತು. ಬೇಡ ಡೆಲ್ಫೀನ್, ಈ ಊರಲ್ಲಿ ಬೇಡ... ಇವನ ಜೊತೆ ಬೇಡ... ಎಷ್ಟು ಹೇಳಿಕೊಂಡರೂ ಮನಸ್ಸು ಕೇಳಬೇಕಲ್ಲ.

* * *

ಶನಿವಾರ, ವೇಷದೊಂದಿಗೆ ಕೊನೆಯ ತಾಲೀಮು. ಗುಲಾಬಿ ತೋಟದ ಸಮಿತಿಯ ಹಿರಿಯ ಹೆಂಗಸು ಶ್ರೀಮತಿ ಪ್ರೂಯಿಟ್ ರಂಗಕ್ಕೆ ಹೂವು ತಂದುಕೊಡುವ ನೆಪದಲ್ಲಿ ಒಳಗೆ ಬಂದಳು. ಟೋಪನ್ ಹಾಕಿಕೊಂಡ ಹಾಲಿಸ್‌ನನ್ನು ನೋಡಿ ಅವಳ ಕಣ್ಣಲ್ಲಿ ನೀರು ತುಂಬಿತು.

"ಅಯ್ಯೋ, ಥೇಟ್ ನಿನ್ನ ತಾತನೇ ಕಣೋ! ಆ ಕೊಳದಲ್ಲಿ ಮೀನಿನ ಥರ ಈಜ್ತಿದ್ರು. ಮುಚ್ಚಿದ ಮೇಲೆ ಆ ತೋಟಕ್ಕೆ ಜೀವನವಿಡೀ ನೀರು ಹಾಕಿದ್ರು. ಪಾಪ, ಈ ನಾಟಕ ನೋಡೋಕೆ ಅವರು ಇರಬೇಕಿತ್ತು. ಕೊನೆಗೆ ಕ್ಷಮೆ ಸಿಗುತ್ತಂತೆ ಅಲ್ವಾ? ನಮ್ಮೆಲ್ಲರ ಮನಸ್ಸೂ ಹಗುರ ಆಗುತ್ತೆ."

ಅವಳು ಹೂವಿಟ್ಟು ಹೋದಳು.

"ಆ ಹುಡುಗ..." ಡೆಲ್ಫೀನ್ ಹಾಲಿಸ್‌ನ ಕಡೆ ತಿರುಗಿದಳು. "ನೀರಲ್ಲಿ ಮುಳುಗಿದ ಆ ಹುಡುಗ ನಿನ್ನ ತಾತನಾ?"

"ಡೆಲ್ಫೀನ್, ನಾನು ಹೇಳ್ಬೇಕು ಅಂತ..."

"ಹೌದಾ, ಅಲ್ವಾ?"

"ಹೌದು."

ಅವಳು ನಗಾಡಿದಳು. ಆ ನಗು ಕೇಳಿ ಸೈಲಸ್ ತಲೆ ತಗ್ಗಿಸಿದ.

"ಈಗ ಅರ್ಥ ಆಯ್ತು. ನಿನ್ನ ತಾತ ಯಾವತ್ತಾದ್ರೂ ನಮ್ಮಜ್ಜಿ ಬಾಗಿಲಿಗೆ ಬಂದು ಕ್ಷಮೆ ಕೇಳಿದ್ರಾ?"

"ಇಲ್ಲ. ಸಾಯೋ ಮುಂಚೆ ಕೇಳ್ಬೇಕು ಅಂತಿದ್ರು. ಧೈರ್ಯ ಬರಲಿಲ್ಲ. ಅದಕ್ಕೇ ನಾನು..."

"ಅದಕ್ಕೇ ನೀನೇ ಕೊಟ್ಟುಬಿಟ್ಟೆ! ಅದು ಕೊಡೋಕೆ ನಿಂದಾ ಹಾಲಿಸ್? ನಮ್ಮನೆ ಪೆಟ್ಟಿಗೆ ಒಡೆದು ನಿನ್ನ ತಾತನಿಗೆ ದಾನ ಮಾಡಿದ್ಯಾ? ಅದನ್ನೂ ನನ್ನ ಬಾಯಿಂದಲೇ ಹೇಳಿಸ್ತೀಯಾ, ನಮ್ಮಜ್ಜಿ ಮೊದಲ ಸಾಲಲ್ಲಿ ಕೂತಿರುವಾಗ?"

ಉತ್ತರ ಬರಲಿಲ್ಲ.

"ಹಾಗೇ. ಮಾತಾಡ್ಬೇಡ. ಉತ್ತರ ಕೊಡದೇ ಇರೋದು ನಿಮ್ಮ ಮನೆತನಕ್ಕೆ ಅಭ್ಯಾಸ."

ಅವಳು ಹೊರಟಳು. ಬಾಗಿಲಲ್ಲಿ ಸೈಲಸ್ ತಡೆದ. "ನಾಳೆ ಬರ್ತೀಯಾ ಮಗಳೇ?"

"ಬರ್ತೀನಿ ಅಂಕಲ್. ಆದ್ರೆ ಆ ಮಾತು ನನ್ನ ಬಾಯಲ್ಲಿ ಬರಲ್ಲ."

"ದೀಪ ನೋಡ್ಕೊಳ್ಳೋ ಡಾಟಿ ಆ ಮಾತು ಕೇಳಿದ ಮೇಲೇ ದೀಪ ಆರಿಸೋದು. ಅವಳಿಗೆ ಬೇರೆ ಗುರುತೇ ಕೊಟ್ಟಿಲ್ಲ. ಈಗ ಬದಲಾಯಿಸಿ ಅಭ್ಯಾಸ ಮಾಡೋಣ ಅಂದ್ರೆ ಕೊನೇ ಮಾತು ತಾಲೀಮಲ್ಲಿ..."

"ನಿಮ್ಮ ಪದ್ಧತಿ ನಿಮಗೇ ಇರಲಿ ಅಂಕಲ್."

* * *

ಭಾನುವಾರ ಬೆಳಿಗ್ಗೆ. ಚರ್ಚಿಗೆ ಹೋಗಿಬಂದವರೆಲ್ಲ ಮಧ್ಯಾಹ್ನದ ಪ್ರದರ್ಶನಕ್ಕೆ ಬರುವವರಿದ್ದರು. ಯೂಲಾ ಅಡುಗೆಮನೆಯ ಕುರ್ಚಿಯಲ್ಲಿ ಕೂತು ನೇರಳೆ ಟೋಪಿಯ ಗರಿ ಸರಿಮಾಡುತ್ತಿದ್ದಳು. ನಿದ್ದೆಯಿಲ್ಲದ ಕಣ್ಣಿನ ಮೊಮ್ಮಗಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

"ನನಗೆ ಗೊತ್ತು," ಅಂದಳು ಅಜ್ಜಿ.

"ಏನು ಗೊತ್ತು?"

"ಹಾಲಿಸ್ ಮೊದಲನೇ ದಿನಾನೇ ನಮ್ಮ ಬಾಗಿಲಲ್ಲಿ ನಿಂತು ಹೇಳ್ದ, ನೀರಲ್ಲಿದ್ದೋನು ನಮ್ಮ ತಾತ ಅಂತ. ಕೂತ್ಕೋ ಅಂದ್ರೂ ಕೂರ್ಲಿಲ್ಲ. ನಿನಗೆ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ದು ನಾನು."

"ಅಜ್ಜೀ... ಯಾಕೆ?"

"ಹೇಳಿದ್ರೆ ಅವತ್ತೇ ಅಟ್ಲಾಂಟಾ ಬಸ್ ಹತ್ತಿರೋಳು ನೀನು. ನನ್ನ ಕಥೆ ಇನ್ಯಾರ ಬಾಯಿಗೋ ಬೀಳ್ತಿತ್ತು. ಮುಚ್ಚಿಟ್ಟಿದ್ದಕ್ಕೆ ಕೋಪ ಮಾಡ್ಕೋಬೇಕಾದ್ರೆ ನನ್ನ ಮೇಲೆ ಮಾಡ್ಕೋ. ಕೊನೇ ಮಾತಿಗೆ ಅವನ ಮೇಲೆ ಮಾಡ್ಕೋ, ಅದು ಸರಿ. ಅದನ್ನ ಅವನು ನನಗೆ ತೋರಿಸಿರ್ಲಿಲ್ಲ."

ಡೆಲ್ಫೀನ್ ಅಜ್ಜಿಯ ಪಾದದ ಹತ್ತಿರ ನೆಲದ ಮೇಲೆ ಕುಸಿದು ಕೂತಳು. "ನೀನು ಅವರನ್ನ ಕ್ಷಮಿಸಿದ್ದೀಯಾ?"

"ಕ್ಷಮಿಸಿದೀನಿ ಅಂತ ಹೇಳಿಲ್ಲ. ಕ್ಷಮಿಸಿಲ್ಲ ಅಂತಾನೂ ಹೇಳಿಲ್ಲ. ನನ್ನನ್ನ ಯಾರು ಕೇಳಿದ್ರು? ಅವರವರೇ ಕೇಳ್ಕೊಂಡ್ರು, ಅವರವರೇ ಕೊಟ್ಕೊಂಡ್ರು." ಅವಳು ಟೋಪಿಯನ್ನು ಮಡಿಲಿಗೆ ಇಟ್ಟುಕೊಂಡಳು. "ನನಗೆ ಬೇಕಾಗಿದ್ದು ಅದಲ್ಲ ಕೂಸೇ. ಬೇಲಿ ಹತ್ರ ನಾನೊಂದು ಮಾತು ಕೇಳಿದ್ದೆ. ಸಣ್ಣ ಮಾತು. ಆ ಹುಡುಗ ನನ್ನನ್ನ ನೋಡ್ದ, ಕೇಳಿಸಿಕೊಂಡ, ಮುಳುಗಿಬಿಟ್ಟ. ಅದಕ್ಕೆ ಉತ್ತರ ಇನ್ನೂ ಬಂದಿಲ್ಲ."

"ಏನು ಕೇಳಿದ್ದೆ?"

ಅಜ್ಜಿ ಬಗ್ಗಿ ಮೊಮ್ಮಗಳ ಕಿವಿಯಲ್ಲಿ ಹೇಳಿದಳು.

* * *

ರಂಗಮಂದಿರ ತುಂಬಿತ್ತು. ಎಡಕ್ಕೆ ಬಿಳಿಯರು, ಬಲಕ್ಕೆ ಕಪ್ಪು ಜನ. ಹೀಗೇ ಕೂರಿ ಅಂತ ಯಾರೂ ಹೇಳಿರಲಿಲ್ಲ, ಆದರೂ ಹಾಗೇ ಕೂತಿದ್ದರು. ನಾಟಕ ಚೆನ್ನಾಗಿ ನಡೆಯಿತು. ಕೊಳಕ್ಕೆ ಮಣ್ಣು ಸುರಿಯುವ ದೃಶ್ಯದಲ್ಲಿ ಎಡಗಡೆ ಕೆಮ್ಮು ಜಾಸ್ತಿಯಾಯಿತು.

ಕೊನೆಯ ದೃಶ್ಯ. ಬೆಂಚು. ಇಬ್ಬರು ಮುಪ್ಪಾದವರು. ಹಾಲಿಸ್ ತನ್ನ ಕಡೆಯ ಮಾತು ಮುಗಿಸಿ ಅವಳ ಕಡೆ ತಿರುಗಿದ. ಅವನ ಕಣ್ಣು ಕೆಂಪಾಗಿತ್ತು.

ಈಗ ಅವಳ ಸರದಿ. ಶ್ರೀಮತಿ ಪ್ರೂಯಿಟ್ ಕರ್ಚೀಫು ಕೈಗೆ ತೆಗೆದುಕೊಂಡಳು.

ಡೆಲ್ಫೀನ್ ಅವನನ್ನೇ ನೋಡಿದಳು. ಕೋಪ ಹಾಗೇ ಇತ್ತು. ಆ ಕೋಪದಿಂದಲೇ, ಎಂಟು ವರ್ಷದ ಹುಡುಗಿಯ ದನಿಯಲ್ಲಿ, ಕೇಳಿದಳು.

"ನೀರು ತಣ್ಣಗಿತ್ತಾ?"

ದೀಪ ಆರಲಿಲ್ಲ.

ಡಾಟಿ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದಳು, ಕ್ಷಮೆಯ ಮಾತು ಬರಲಿ ಅಂತ. ಅದು ಬರಲಿಲ್ಲ. ಬೆಳಕು ಇಬ್ಬರ ಮೇಲೂ ಉರಿಯುತ್ತಲೇ ಇತ್ತು, ಅಡಗಿಕೊಳ್ಳಲು ಕತ್ತಲೆ ಇರಲಿಲ್ಲ.

ಹಾಲಿಸ್‌ಗೆ ಅರ್ಥವಾಯಿತು. ತಾನು ಖಾಲಿ ಬಿಟ್ಟಿದ್ದ ಪ್ರಶ್ನೆ ಇದೇ. ಬೇಲಿಯ ಪ್ರಶ್ನೆ. ಇಷ್ಟೇನಾ... ಒಂದು ಮಗು ಕೇಳಿದ್ದು ಇಷ್ಟೇನಾ! ಇದಕ್ಕೂ ಉತ್ತರ ಕೊಡಲಿಲ್ಲವಾ ತಾತ?

ಅವನು ತಲೆಯ ಟೋಪನ್ ತೆಗೆದು ಬೆಂಚಿನ ಮೇಲಿಟ್ಟ.

"ತಣ್ಣಗಿತ್ತು," ಅಂದ. "ತುಂಬಾ ತಣ್ಣಗಿತ್ತಂತೆ. ಕೆಳಗಿಂದ ಬುಗ್ಗೆ ನೀರು ಬರ್ತಿತ್ತು. ಬಿರುಬೇಸಿಗೆಯಲ್ಲೂ ಹಲ್ಲು ಕಟಕಟ ಅಂತಿತ್ತು ಅಂತ ತಾತ ಹೇಳ್ತಿದ್ರು." ಅವನು ಮೊದಲ ಸಾಲಿನ ನೇರಳೆ ಟೋಪಿಯ ಕಡೆ ತಿರುಗಿದ. "ನೀವು ಕೇಳಿದ್ದು ಅವರಿಗೆ ಕೇಳಿಸಿತ್ತಂತೆ ಅಮ್ಮ. ಕೇಳಿಸಿದ್ರೂ ಮುಳುಗಿದ್ರು."

ಯೂಲಾ ನಿಧಾನವಾಗಿ ತಲೆಯಾಡಿಸಿದಳು.

"ಹ್ಞೂಂ," ಅಂದಳು ಎಲ್ಲರಿಗೂ ಕೇಳುವ ಹಾಗೆ. "ನಾನೂ ಹಾಗೇ ಅಂದ್ಕೊಂಡಿದ್ದೆ."

ಆಗ ಡಾಟಿ ದೀಪ ಆರಿಸಿದಳು.

* * *

ಚಪ್ಪಾಳೆ ತಡವಾಗಿ ಬಂತು, ಬಲಗಡೆಯಿಂದ ಮೊದಲು. ಶ್ರೀಮತಿ ಪ್ರೂಯಿಟ್ ಕರ್ಚೀಫು ಒದ್ದೆ ಮಾಡಿಕೊಳ್ಳದೆ ಎದ್ದುಹೋದಳು. ಮನಸ್ಸು ಹಗುರವಾಗಲಿಲ್ಲ ಪಾಪ.

ಹಿಂದಿನ ಮೆಟ್ಟಿಲಿನ ಮೇಲೆ ಇನ್ನೂ ಬಿಸಿಲಿತ್ತು. ಡೆಲ್ಫೀನ್ ಕೂತಿದ್ದಳು. ಹಾಲಿಸ್ ಕಡಲೆಕಾಯಿ ಪೊಟ್ಟಣ ಹಿಡಿದು ಬಂದು ಸ್ವಲ್ಪ ದೂರದಲ್ಲಿ ನಿಂತ.

"ಅಜ್ಜಿ ಎಲ್ಲಾ ಹೇಳಿದ್ರು," ಅಂದಳು. "ಆಣೆ ವಿಷಯ."

"ಆದ್ರೂ ಕೊನೇ ಮಾತು ಬರೆದಿದ್ದು ನಾನೇ. ಅದು ನನ್ನ ಆಸೆ ಆಗಿತ್ತು ಡೆಲ್ಫೀನ್. ತಾತನಿಗೋಸ್ಕರ ಅಂದ್ಕೊಂಡೆ. ಅಲ್ಲ, ನನಗೋಸ್ಕರ. ತಪ್ಪಾಯ್ತು."

"ಆ ಮಾತು ಕಿತ್ತುಹಾಕ್ತೀಯಾ?"

"ಆಗಲೇ ಹಾಕಿದೆ. ಸೈಲಸ್ ಬೈದು ಬೈದು ಸಾಕಾಗಿ, ಕೊನೆಗೆ ಇದೇ ಚೆನ್ನಾಗಿದೆ ಅಂದ್ರು."

"ಪ್ರತಿ ಪ್ರದರ್ಶನದಲ್ಲೂ ಕೇಳ್ತೀನಿ."

"ಪ್ರತಿ ಸಲವೂ ಹೇಳ್ತೀನಿ."

ಒಳಗಿಂದ ಅಜ್ಜಿ ಸೈಲಸ್‌ನ ಜೊತೆ ನಗುವುದು ಕೇಳಿಸುತ್ತಿತ್ತು.

"ಇನ್ನೂ ಕೋಪ ಇದೆಯಾ?" ಅವನ ದನಿ ಮೆತ್ತಗಿತ್ತು.

"ಇದೆ. ನಾಳೆಯೂ ಇರುತ್ತೆ. ಆ ಗುಲಾಬಿ ನೋಡಿದಾಗಲೆಲ್ಲ ಬರುತ್ತೆ. ತಡ್ಕೊಳ್ತೀಯಾ?"

"ತಡ್ಕೊಳ್ತೀನಿ."

"ಹಾಗಾದ್ರೆ ಅಲ್ಲಿ ಯಾಕೆ ಕಂಬದ ಥರ ನಿಂತಿದ್ದೀಯ? ಬಾ, ಕೂತ್ಕೋ."

ಅವನು ಬಂದು ಪಕ್ಕದಲ್ಲಿ ಕೂತ. ಈ ಸಲ ಪೊಟ್ಟಣವನ್ನು ಮಧ್ಯದಲ್ಲಿ ಇಡಲಿಲ್ಲ, ಆಚೆ ಇಟ್ಟ.

"ನಾನು ನಿನ್ನನ್ನ ಪ್ರೀತಿಸ್ತೀನಿ ಡೆಲ್ಫೀನ್. ಇದಕ್ಕೆ ನೀನು ಉತ್ತರ ಕೊಡಲೇಬೇಕು ಅಂತೇನಿಲ್ಲ."

ಅವಳು ಅವನ ಕೈ ಹಿಡಿದು ತನ್ನ ಮಡಿಲಿಗೆ ಎಳೆದುಕೊಂಡಳು.

"ನಮ್ಮ ಮನೆಯವರು ಕೇಳಿದ್ದಕ್ಕೆ ಉತ್ತರ ಕೊಡ್ತೀವಿ ಕಣೋ," ಅಂದಳು. "ನಾನೂ ಪ್ರೀತಿಸ್ತೀನಿ."