ರಂಗಮ್ಮನ ಕಂಪ್ಯೂಟರ್ ಮುಟ್ಟಿದವನು

ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಹೊಸನಗರದ ಬಸ್ಸು ಹೊರಟೇಬಿಟ್ಟಿತ್ತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ವೆಂಕಟ್ರಮಣನ ಟೂಲ್ ಬ್ಯಾಗನ್ನು ಹಿಂದಿನಿಂದ ಯಾರೋ ಜಗ್ಗಿದರು.

"ಇಳೀರಿ ಕೆಳಗೆ!"

ತಿರುಗಿ ನೋಡಿದ. ನೀಲಿ ಹತ್ತಿ ಸೀರೆ, ಓಡಿ ಬಂದು ಅರ್ಧ ಬಿಚ್ಚಿಕೊಂಡ ಜಡೆ, ಬೆರಳಿಗೆಲ್ಲ ಮೆತ್ತಿದ ಸೀಮೆಸುಣ್ಣ. ಅಷ್ಟು ಸಿಟ್ಟಾದ ಕಣ್ಣುಗಳನ್ನು ಅವನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಅಷ್ಟು ಚಂದದ ಕಣ್ಣುಗಳನ್ನೂ.

"ಬೆಳಿಗ್ಗೆ ನಮ್ಮ ಅಪ್ಪಯ್ಯ ಕೆರಿಯಪ್ಪನವರ ಮನೆಗೆ ಬಂದು ಕಂಪ್ಯೂಟರ್ ಬಿಚ್ಚಿದ್ದು ನೀವೇನಾ?"

"ಹೌದು ಮೇಡಂ. ಕಂಪ್ನಿಯಿಂದ. ಹೊಸ ವರ್ಷನ್ ಚಿಪ್ ಹಾಕಿದ್ದೀನಿ. ಫ್ರೀ."

"ಯಾರನ್ನ ಕೇಳಿ ಹಾಕಿದ್ರಿ?"

ಕೇಳಬೇಕೆಂದು ವೆಂಕಟ್ರಮಣನಿಗೆ ಯಾರೂ ಹೇಳಿರಲಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ಕಂಪ್ಯೂಟರ್ ಕೊಂಡ ಮನೆಗಳಿಗೆಲ್ಲ ಹೋಗಿ ಹಳೆಯ ಚಿಪ್ ತೆಗೆದು ಹೊಸದು ಕೂರಿಸಿ ಬಾ ಎಂದಷ್ಟೇ ಕಂಪನಿ ಹೇಳಿತ್ತು.

"ಇದು ಇಂಪ್ರೂವ್ಡ್ ಮಾಡೆಲ್ ಮೇಡಂ. ಬಣ್ಣ ಜಾಸ್ತಿ ಬರುತ್ತೆ..."

"ಬಣ್ಣ! ಬನ್ನಿ ಮನೆಗೆ. ನಿಮ್ಮ ಬಣ್ಣ ಎಂತ ಮಾಡಿದೆ ಅಂತ ತೋರಿಸ್ತೀನಿ."

ಬಸ್ಸು ಅವನನ್ನು ಬಿಟ್ಟು ಹೋಯಿತು.

ಅವಳ ಹೆಸರು ವಿಶಾಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಹಿಂದಿನ ವರ್ಷ, ಎಂಬತ್ತೇಳರಲ್ಲಿ, ಅವಳ ತಾಯಿ ರಂಗಮ್ಮನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಎಲ್ಲವೂ ತಿಳಿಯುತ್ತಿತ್ತು, ಹೇಳಲು ಮಾತ್ರ ಬಾಯಿ ಬರುತ್ತಿರಲಿಲ್ಲ. ಬೇಕಾದದ್ದು ನೀರೋ, ನೋವಿನ ಎಣ್ಣೆಯೋ ಯಾರಿಗೂ ಗೊತ್ತಾಗದೆ ರಂಗಮ್ಮ ತಟ್ಟೆ ಎಸೆದು ಅಳುತ್ತಿದ್ದಳು.

ಆಗ ವಿಶಾಲ ಶಿವಮೊಗ್ಗದಿಂದ ಟಿವಿಗೆ ಜೋಡಿಸುವ ಪುಟ್ಟ ಕಂಪ್ಯೂಟರ್ ತಂದಳು. ಅದರಲ್ಲಿ ಕನ್ನಡ ಇರಲಿಲ್ಲ. ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಅಕ್ಷರ ಬರೆದು, ಒಂದೊಂದು ಕೀಲಿಗೆ ಒಂದೊಂದು ಮಾತು ಕೂರಿಸಿ, ಎಲ್ಲವನ್ನೂ ಕಂಪ್ಯೂಟರ್ ಓದಿಕೊಳ್ಳುವ ಟೇಪ್ ಕ್ಯಾಸೆಟ್ಟಿಗೆ ತುಂಬಿದಳು. ರಂಗಮ್ಮ ಎಡಗೈಯಲ್ಲಿ ಕೀಲಿ ಒತ್ತಿದರೆ ಟಿವಿಯ ಮೇಲೆ ದೊಡ್ಡದಾಗಿ 'ನೀರು' ಎಂದು ಮೂಡುತ್ತಿತ್ತು. ಎರಡೇ ವಾರದಲ್ಲಿ ಅವಳು ಗಂಡನನ್ನು ಬೈಯಲೂ ಕಲಿತಳು. 'ಬೀಡಿ', 'ಸಾಕು' ಎಂದು ಒಂದರ ಹಿಂದೊಂದು ಒತ್ತಿ ಗೆಲುವಿನಿಂದ ನೋಡುತ್ತಿದ್ದಳು.

ವೆಂಕಟ್ರಮಣ ಒಳಗೆ ಬಂದಾಗ ರಂಗಮ್ಮ ಟಿವಿಯೆದುರು ಕುಳಿತಿದ್ದಳು. ಅವನನ್ನು ನೋಡಿ ಕೀಲಿ ಒತ್ತಿದಳು. ಪರದೆಯ ಮೇಲೆ ಬಣ್ಣಬಣ್ಣದ ಕಸ ಹರಡಿಕೊಂಡಿತು. ಹೊಸ ಚಿಪ್ಪಿಗೆ ಹಳೆಯ ಕ್ಯಾಸೆಟ್ಟಿನ ಅಕ್ಷರ ತಿಳಿಯುತ್ತಿರಲಿಲ್ಲ. ರಂಗಮ್ಮ ಇನ್ನೊಮ್ಮೆ ಒತ್ತಿದಳು, ಮತ್ತೊಮ್ಮೆ ಒತ್ತಿದಳು. ಆಮೇಲೆ ಕೈಯನ್ನು ಮಡಿಲಿಗೆ ಇಳಿಸಿದಳು.

"ಹಳೇ ಚಿಪ್ ವಾಪಸ್ ಹಾಕಿ," ಎಂದಳು ವಿಶಾಲ.

ಅವನು ಬ್ಯಾಗಿನಿಂದ ಅದನ್ನು ತೆಗೆದು ಅಂಗೈಯಲ್ಲಿ ಹಿಡಿದ. ಅದರ ತಂತಿಕಾಲುಗಳನ್ನೆಲ್ಲ ಕತ್ತರಿಸಿ ಹಾಕಲಾಗಿತ್ತು. "ತೆಗೆದ ತಕ್ಷಣ ಮುರೀಬೇಕು ಅಂತ ಕಂಪ್ನಿ ರೂಲು," ಎಂದ. ಸ್ವರ ಅವನಿಗೇ ಕೇಳಿಸುವಷ್ಟಿತ್ತು.

ಜಗಲಿಯಲ್ಲಿ ಕೆರಿಯಪ್ಪ ಹಚ್ಚದ ಬೀಡಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದ. "ಬೈಯೋರೇ ಇಲ್ಲ ಅಂದ್ಮೇಲೆ ಎಂತ ಸೇದೋದು ಮಾರಾಯ," ಎಂದ.

ವೆಂಕಟ್ರಮಣ ನೇರವಾಗಿ ಟೆಲಿಫೋನ್ ಆಫೀಸಿಗೆ ಹೋಗಿ ಕಂಪನಿಗೆ ಟ್ರಂಕ್ ಕಾಲ್ ಬುಕ್ ಮಾಡಿದ. ವಿಶಾಲ ಪಕ್ಕದಲ್ಲೇ ನಿಂತಿದ್ದಳು. ಬಹಳ ಹೊತ್ತಿನ ಮೇಲೆ ಮ್ಯಾನೇಜರ್ ಸಿಕ್ಕ. ಹಳೆಯದು ಇನ್ನು ಸಿಗುವುದಿಲ್ಲ, ಎಲ್ಲ ಗಿರಾಕಿಗಳ ಹತ್ತಿರವೂ ಒಂದೇ ವರ್ಷನ್ ಇದ್ದರೆ ಕಂಪನಿಗೆ ಸುಲಭ ಎಂದ. ವಿಶಾಲ ರಿಸೀವರ್ ಕಿತ್ತುಕೊಂಡಳು.

"ಸುಲಭ ಆಗಿದ್ದು ನಿಮಗೆ ಸ್ವಾಮಿ. ಮಾತು ಹೋಗಿದ್ದು ನಮ್ಮಮ್ಮಂದು! ದುಡ್ಡು ಕೊಟ್ಟು ತಂದ ಮೇಲೆ ಅದು ನಮ್ಮನೆ ಸಾಮಾನು. ನಮ್ಮನೆ ಒಲೆ ಕಿತ್ತು ಬೇರೆ ಒಲೆ ಇಟ್ಟು ಹೋದ್ರೆ ಸುಮ್ನಿರ್ತೀವಾ? ನೀವು ಸುಮ್ನಿರ್ತೀರಾ?"

ಆ ಕಡೆಯಿಂದ ಲೈನ್ ಕಟ್ಟಾಯಿತು. ಆಫೀಸಿನಲ್ಲಿದ್ದವರೆಲ್ಲ ಇವಳನ್ನೇ ನೋಡುತ್ತಿದ್ದರು. ವೆಂಕಟ್ರಮಣನೂ ನೋಡುತ್ತಿದ್ದ, ಎಲ್ಲರಿಗಿಂತ ಸ್ವಲ್ಪ ಹೆಚ್ಚು ಹೊತ್ತು.

"ನನ್ನನ್ನ ಎಂತ ನೋಡ್ತೀರಿ?"

"ನಾನೇ ಸರಿ ಮಾಡಿಕೊಡ್ತೀನಿ. ಅಕ್ಷರ ಎಲ್ಲಾ ಹೊಸದಾಗಿ ಬರೀಬೇಕು. ಭಾನುವಾರ ಬರ್ಲಾ?"

"ಬರದೆ ಎಲ್ಲಿಗೆ ಹೋಗ್ತೀರಿ? ಬರ್ಲೇಬೇಕು."

ಅವನು ಬಂದ. ತೀರ್ಥಹಳ್ಳಿಯಿಂದ ಮೊದಲ ಬಸ್ಸು ಹಿಡಿದು ಪ್ರತಿ ಭಾನುವಾರ ಬಂದ. ವಿಶಾಲ ಚುಕ್ಕಿ ಹಾಕಿದಳು, ಅವನು ಅವನ್ನು ಅಂಕಿಗಳಾಗಿ ತಿರುಗಿಸಿ ಕಂಪ್ಯೂಟರಿಗೆ ಉಣಿಸಿದ. ಮೊದಮೊದಲು ಅವಳು ಅವನಿಗೆ ಕಾಫಿ ತಂದಿಡುತ್ತಿದ್ದ ಸದ್ದಿನಲ್ಲೇ ಸಿಟ್ಟು ಕೇಳಿಸುತ್ತಿತ್ತು. ಬರುಬರುತ್ತಾ ಲೋಟದ ಸದ್ದು ಮೆತ್ತಗಾಯಿತು.

ಒಂದು ದಿನ ಅವನೇ 'ಳ' ಬರೆದು ತೋರಿಸಿದ.

"ಇದು ಳ ಅಲ್ಲ, ಸಿಗಡಿ."

"ಸರಿಯಾಗೇ ಇದೆಯಲ್ಲ?"

"ಮೀಸೆ ಒಂದು ಇಲ್ಲ. ಕನ್ನಡ ಎಲ್ಲಿ ಕಲಿತ್ರಿ ನೀವು?"

"ತೀರ್ಥಹಳ್ಳೀಲಿ. ಅಲ್ಲಿ ಮೇಷ್ಟ್ರುಗಳು ಇಷ್ಟು ಬೈತಿರಲಿಲ್ಲ."

"ಅದಕ್ಕೇ ಹೀಗಾಗಿದ್ದೀರಿ."

ನಗು ಬಂದುಬಿಟ್ಟಿತು ಅವಳಿಗೆ. ಅದನ್ನು ಮುಚ್ಚಲು ಮುಖ ತಿರುಗಿಸಿದಳು. ಆದರೆ ಎದುರಿಗಿದ್ದ ಟಿವಿ ಇನ್ನೂ ಹಚ್ಚಿರಲಿಲ್ಲ. ಅದರ ಕಪ್ಪು ಗಾಜಿನಲ್ಲಿ ಅವಳ ನಗು ಅವನಿಗೆ ಪೂರ್ತಿ ಕಾಣಿಸಿತು. ಗಾಜಿನಲ್ಲೇ ಅವನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು. ಇಬ್ಬರೂ ತಡಮಾಡಿ ನೋಟ ತೆಗೆದರು. ಹಿಂದೆ ಕುಳಿತಿದ್ದ ರಂಗಮ್ಮ ಸೂರು ನೋಡುತ್ತಿದ್ದಳು, ಬೇಕೆಂದೇ.

ಮಾತುಗಳೆಲ್ಲ ಮರಳಿ ಬಂದ ದಿನ ಕೆರಿಯಪ್ಪನಿಗೆ ಮತ್ತೆ ಬೈಗುಳ ಬಿತ್ತು. ಅವನು ಹಿಗ್ಗಿ ಬೀಡಿಕಟ್ಟನ್ನು ಅಂಗಳದಾಚೆ ಎಸೆದ. ವಿಶಾಲ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು. ಕೆಲಸ ಮುಗಿದಿತ್ತು. ಮುಂದಿನ ಭಾನುವಾರ ಅವನು ಬರಲು ನೆಪವೇ ಇರಲಿಲ್ಲ, ಅವನು ಬರಲೂ ಇಲ್ಲ. ಆ ದಿನವಿಡೀ ಅವಳಿಗೆ ಯಾರ ಮೇಲೆ ಎಂದು ತಿಳಿಯದ ಸಿಟ್ಟು.

ಅವನು ಬಂದದ್ದು ಕೆಲವು ವಾರಗಳ ನಂತರ, ಶನಿವಾರ ಮಧ್ಯಾಹ್ನ, ಏದುಸಿರು ಬಿಡುತ್ತಾ.

"ಮತ್ತೆ ಹೊಸ ಚಿಪ್ ಬಂದಿದೆ," ಎಂದ ಅಂಗಳದಲ್ಲೇ ನಿಂತು. "ಮನೆಯವರನ್ನ ಕೇಳದೆ ಹಾಕಲ್ಲ ಅಂದೆ. ಹಾಗಿದ್ರೆ ಕೆಲಸ ಬಿಡು ಅಂದ್ರು. ಬಿಟ್ಟೆ. ಇವತ್ತು ಬೇರೆಯವನನ್ನ ಕಳಿಸ್ತಾರಂತೆ, ನೀವು ಸ್ಕೂಲಲ್ಲಿ ಇದ್ದುಬಿಟ್ರೆ ಅಂತ..."

"ಕೆಲಸ ಬಿಟ್ರಾ?" ವಿಶಾಲಳ ಮುಖ ಕೆಂಪಾಯಿತು. "ಕೇಳಿ ಹಾಕ್ತೀನಿ ಅಂದಿದ್ದಕ್ಕೆ ಕೆಲಸ ಹೋಯ್ತಾ? ಎಂತ ಜನ ಅವರು!"

ಅಷ್ಟರಲ್ಲಿ ಗೇಟಿನ ಬಳಿ ಟೈ ಕಟ್ಟಿದ ಒಬ್ಬ ಬಂದು ನಿಂತ. ಕೈಯಲ್ಲಿ ಅಂಥದೇ ಟೂಲ್ ಬ್ಯಾಗು. ಒಳಗೆ ಬರಲು ಹೆಜ್ಜೆ ಇಟ್ಟವನಿಗೆ ವೆಂಕಟ್ರಮಣ ಅಡ್ಡ ನಿಂತ.

"ಇಲ್ಲಿ ಹಾಕೋದು ಬೇಡ. ವಾಪಸ್ ಹೋಗಿ."

"ಬೇಡ ಅನ್ನೋಕೆ ನೀವ್ಯಾರ್ರಿ? ನೀವು ಕಂಪ್ನಿಯವರೂ ಅಲ್ಲ ಈಗ. ಈ ಮನೆಯವರಾ?"

ವೆಂಕಟ್ರಮಣ ಬಾಯಿ ತೆರೆದ. ಮಾತು ಹೊರಡುವ ಮೊದಲೇ ಪಕ್ಕದಲ್ಲಿ ಬಳೆಯ ಸದ್ದಾಯಿತು. ವಿಶಾಲ ಬಂದು ಅವನ ಭುಜಕ್ಕೆ ಭುಜ ತಾಗುವಂತೆ ನಿಂತಿದ್ದಳು.

"ಹೌದು. ಈ ಮನೆಯವರೇ. ಇನ್ನೇನಾದ್ರೂ ಕೇಳೋದಿದ್ಯಾ?"

ಟೈ ಕಟ್ಟಿದವನು ಅವಳ ಮುಖ ನೋಡಿದ. ಮತ್ತೇನೂ ಕೇಳದೆ ಗೇಟು ಮುಚ್ಚಿಕೊಂಡು ಹೋದ.

ಅವನು ಹೋದ ಮೇಲೂ ಅವರ ಭುಜಗಳು ದೂರ ಸರಿದಿರಲಿಲ್ಲ.

"ಅವನನ್ನ ಓಡಿಸೋಕೆ ಹೇಳಿದ್ದಾ?" ವೆಂಕಟ್ರಮಣ ಮೆಲ್ಲಗೆ ಕೇಳಿದ.

"ಸುಳ್ಳು ಹೇಳಿ ಓಡಿಸೋ ಅಷ್ಟು ದೊಡ್ಡ ಮನುಷ್ಯನಾ ಅವನು?" ಅವಳು ಇನ್ನೂ ಗೇಟನ್ನೇ ದುರುಗುಟ್ಟಿ ನೋಡುತ್ತಿದ್ದಳು. ಕಿವಿ ಮಾತ್ರ ಕೆಂಪಾಗಿತ್ತು. "ಆದ್ರೆ ಒಂದು. ನಾನು ಅಮ್ಮನ್ನ ಬಿಟ್ಟು ತೀರ್ಥಹಳ್ಳಿಗೆ ಬರಲ್ಲ."

"ರೇಡಿಯೋ ರಿಪೇರಿ ಅಂಗಡಿ ಹಾಕೋಣ ಅಂತಿದ್ದೀನಿ. ಅದು ಸಾಗರದಲ್ಲೂ ನಡೆಯುತ್ತೆ."

"ಅಷ್ಟು ವಾರ ಯಾಕೆ ಬರ್ಲಿಲ್ಲ?"

"ಕೆಲಸ ಇಲ್ಲದೆ ಹ್ಯಾಗೆ ಬರೋದು ಅಂತ..."

"ದಡ್ಡ," ಎಂದಳು ವಿಶಾಲ, ಮೊದಲ ಬಾರಿಗೆ ಬಹುವಚನ ಬಿಟ್ಟು. ಆಮೇಲೆ ಅವನ ತೋಳು ಹಿಡಿದು, ಅಪ್ಪಯ್ಯನ ಹತ್ತಿರ ಮಾತಾಡಲು ಜಗಲಿಯ ಕಡೆಗೆ ನಡೆದಳು.